ಆ ಹಸಿರು-ಕೆಂಪು ಪಟ್ಟಿಯ ಮೇಲೆ ನಮ್ಮ ಗುಂಪಿನಲ್ಲಿ ನಡೆದ ಜಗಳ

ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನ ಮಾತುಕತೆ ಇದು. ಹೆಸರು ಬದಲಿಸಿದ್ದೇನೆ. ನಡುನಡುವೆ ಬಂದ ಹುಟ್ಟುಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಹೂವು ಎಲ್ಲ ತೆಗೆದಿದ್ದೇನೆ.

ಸುಧಿ: (ಫಾರ್ವರ್ಡ್ ಆದ ಚಿತ್ರ. ಸ್ಥಳೀಯ ಕೌನ್ಸಿಲ್‌ಗಳ, ಅಂದರೆ ನಮ್ಮ ನಗರಸಭೆಯಂಥವುಗಳ ಪಟ್ಟಿ, ಒಂದೊಂದಕ್ಕೂ ಒಂದು ಅಂಕ. ಮೇಲಿನವು ಹಸಿರು, ಕೆಳಗಿನವು ಕೆಂಪು.)

ಸುಧಿ: ನೋಡ್ರಪ್ಪ. ಯಾವ ಕೌನ್ಸಿಲ್ ಗಟ್ಟಿ, ಯಾವುದು ಮುಳುಗುತ್ತಿದೆ, ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಎಲ್ಲ ದೇಶದಲ್ಲೂ ಹೀಗೆ ಮಾಡಬೇಕು.

ಗೀತಾ: ಅಂಕ ಯಾವುದರ ಮೇಲೆ ಕೊಟ್ಟಿದ್ದಾರೆ?

ಸುಧಿ: ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ವರ್ಷದ ಆದಾಯದಲ್ಲಿ ಖರ್ಚು ಕಳೆದು ಶೇಕಡಾ ಎಷ್ಟು ಉಳಿಯಿತು ಅನ್ನುವುದರ ಮೇಲೆ.

ಮಂಜು: ಅಷ್ಟೇನಾ? ಹಾಗಾದರೆ ಒಂದು ಗುಂಡಿಯನ್ನೂ ಮುಚ್ಚದ ಕೌನ್ಸಿಲ್ ಫಸ್ಟ್ ಬರಬೇಕು.

ಸುಧಿ: ಲೆಕ್ಕ ಕೇಳಿದರೆ ಸಾಕು, ನಿಮ್ಮಂಥ ಇಂಜಿನಿಯರ್‌ಗಳಿಗೆ ಸಿಟ್ಟು.

ಮಂಜು: ಸಿಟ್ಟಲ್ಲ ಮಾರಾಯ. ಇಪ್ಪತ್ತು ವರ್ಷ ನೀರಿನ ಪೈಪಿನ ಕೆಲಸ ಮಾಡಿದವನು ನಾನು. ಬಜೆಟ್ ಕಡಿಮೆ ಮಾಡಿ ಅಂದಾಗ ಮೊದಲು ಹೋಗುವುದೇ ಹಳೇ ಪೈಪು ಬದಲಿಸುವ ಕೆಲಸ. ಆ ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ದುಡ್ಡು ಉಳಿಯುತ್ತದೆ, ನಿನ್ನ ಪಟ್ಟಿಯಲ್ಲಿ ಬಣ್ಣವೂ ಕೆಂಪಾಗುವುದಿಲ್ಲ.

ಗೀತಾ: ಅದಕ್ಕೇ ಇನ್ನೊಂದು ಅಳತೆ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಹಳ ವರ್ಷ ಮೂರು ಅನುಪಾತ ನೋಡುತ್ತಿದ್ದರು. ಒಂದು, ಸುಧಿ ಹೇಳಿದ ಉಳಿಕೆ. ಅದು ಸೊನ್ನೆಯಿಂದ 10% ಒಳಗೆ ಇರಬೇಕು. ಎರಡು, ಸಾಲ ಮತ್ತು ಬಾಕಿಯಲ್ಲಿ ಕೈಯಲ್ಲಿರುವ ಹಣ, ಬೇಗ ಬರಬೇಕಾದದ್ದು ಕಳೆದು ಉಳಿದದ್ದು. ಅದು ಆದಾಯದ 60% ಮೀರಬಾರದು. ಮೂರನೆಯದು ಮಂಜು ಕೇಳುತ್ತಿರುವುದು. ರಸ್ತೆ, ಪೈಪು, ಕಟ್ಟಡ ವರ್ಷಕ್ಕೆ ಎಷ್ಟು ಸವೆಯುತ್ತದೋ ಅದರಲ್ಲಿ 90% ಆದರೂ ಹಳತನ್ನು ಹೊಸದು ಮಾಡುವುದಕ್ಕೆ ಖರ್ಚು ಮಾಡಬೇಕು.

ಸುಧಿ: ಸರಿ, ಮೂರನ್ನೂ ಕೂಡಿಸಿ ಅಂಕ ಕೊಡಲಿ. ಮುಗಿಯಿತಲ್ವಾ?

ಗೀತಾ: ಮುಗಿಯಲಿಲ್ಲ. ಸವಕಳಿ, ಅಂದರೆ ಆಸ್ತಿ ವರ್ಷಕ್ಕೆ ಎಷ್ಟು ಬೆಲೆಯಷ್ಟು ಸವೆಯಿತು ಅನ್ನುವುದೇ ಒಂದು ಅಂದಾಜು. ಒಂದು ಕೌನ್ಸಿಲ್ ಹತ್ತಿರ ನೂರು ಕೋಟಿ ಬೆಲೆಯ ಪೈಪುಗಳಿವೆ ಅಂತ ಇಟ್ಟುಕೋ. 50 ವರ್ಷ ಬಾಳುತ್ತವೆ ಅಂದರೆ ವರ್ಷಕ್ಕೆ 2 ಕೋಟಿ ಸವಕಳಿ. ಬದಲಿಸುವ ಕೆಲಸಕ್ಕೆ 1.2 ಕೋಟಿ ಖರ್ಚು ಮಾಡಿದರೆ ಮೂರನೇ ಅನುಪಾತ 60%. ಕೆಂಪು. ಈಗ ಕಾಗದದ ಮೇಲೆ ಪೈಪಿನ ಆಯುಸ್ಸನ್ನು 80 ವರ್ಷ ಅಂತ ತಿದ್ದು. ಸವಕಳಿ 1.25 ಕೋಟಿಗೆ ಇಳಿಯಿತು. ಅದೇ 1.2 ಕೋಟಿ ಈಗ 96%. ಹಸಿರು! ಜೊತೆಗೆ ಸವಕಳಿಯೂ ಖರ್ಚಿನ ಲೆಕ್ಕಕ್ಕೇ ಸೇರುವುದರಿಂದ ಖರ್ಚಿನಲ್ಲಿ 75 ಲಕ್ಷ ಕಡಿಮೆ ಆಯಿತು, ಮೊದಲನೇ ಅನುಪಾತವೂ ಹೆಚ್ಚಿತು. ನೆಲದಡಿ ಒಂದು ಪೈಪೂ ಅಲುಗಾಡಿಲ್ಲ.

ಭಾಗ್ಯ: ಅಯ್ಯೋ, ಇದಕ್ಕೆ ನಿಮ್ಮಂಥ ಆಡಿಟರ್‌ಗಳು ಸುಮ್ನೆ ಸಹಿ ಹಾಕುತ್ತೀರಾ?

ಗೀತಾ: ಕಾರಣ ಕೇಳುತ್ತೇವೆ. ಕೆಲವೊಮ್ಮೆ 80 ವರ್ಷವೇ ನಿಜ ಇರುತ್ತದೆ. ಪೈಪು ಯಾವುದರದ್ದು, ಮಣ್ಣು ಎಂಥದ್ದು, ಎಲ್ಲದರ ಮೇಲೆ ಹೋಗುತ್ತದೆ. ತಿದ್ದಿದ್ದಕ್ಕೆ ಇಂಜಿನಿಯರ್ ವರದಿ ಇದೆಯಾ ಇಲ್ಲವಾ ಅನ್ನುವುದೇ ಮುಖ್ಯ.

ಮಂಜು: ಆ ವರದಿ ಬರೆಯಿಸಿಕೊಳ್ಳಲು ಬಂದವರನ್ನೂ ನೋಡಿದ್ದೇನೆ. ಮೊದಲೇ ಸಂಖ್ಯೆ ಹೇಳಿ ಕೂರುತ್ತಾರೆ.

(ಇಲ್ಲಿ ಹತ್ತು ನಿಮಿಷ ಇಂಜಿನಿಯರ್‌ಗಳು ಮೇಲೋ ಆಡಿಟರ್‌ಗಳು ಮೇಲೋ ಅಂತ ನಡೆಯಿತು. ಬಿಟ್ಟಿದ್ದೇನೆ.)

ಸುಧಿ: ನೀವು ಹೇಳುವುದು ಕೇಳಿದರೆ ಅಳೆಯುವುದೇ ಬೇಡ ಅನ್ನುವ ಹಾಗಿದೆ. ಇಂಗ್ಲೆಂಡ್ ನೋಡಿ. ಕೌನ್ಸಿಲ್‌ಗಳ ಮೇಲೆ ಕಣ್ಣಿಟ್ಟಿದ್ದ ಆಡಿಟ್ ಕಮಿಷನ್ 2015ರಲ್ಲಿ ಮುಚ್ಚಿತು. 2018ರಲ್ಲಿ ನಾರ್ಥಾಂಪ್ಟನ್‌ಶೈರ್ ಕೌನ್ಸಿಲ್ ದುಡ್ಡಿಲ್ಲ ಅಂತ 114ನೇ ಸೆಕ್ಷನ್ ನೋಟಿಸ್ ಕೊಟ್ಟಿತು. ಆಮೇಲೆ ಕ್ರಾಯ್ಡನ್, ಥರಕ್, ವೋಕಿಂಗ್. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್. ನೋಡುವವರು ಇಲ್ಲದೇ ಹೋದರೆ ಹೀಗೇ.

ಗೀತಾ: ಇದು ಒಳ್ಳೆಯ ಮಾತು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಪ್ಪುತ್ತೇನೆ. ಅಲ್ಲಿ 2022-23ರ ಲೆಕ್ಕಪತ್ರದ ಆಡಿಟ್ ಗಡುವಿನೊಳಗೆ ಮುಗಿದದ್ದು ನೂರಕ್ಕೆ ಒಂದು ಕಡೆ ಮಾತ್ರ. ಆಡಿಟ್ ಆಗದ ಲೆಕ್ಕದ ಮೇಲೆ ಯಾವ ಪಟ್ಟಿ ಮಾಡಿದರೆ ಏನು?

ಗೀತಾ: ಆದರೆ ವೋಕಿಂಗ್ ನೋಡು. ಸುಮಾರು ಒಂದು ಲಕ್ಷ ಜನ. ಊರ ನಡುವೆ ಹೋಟೆಲ್ಲು, ಎತ್ತರದ ಕಟ್ಟಡ ಕಟ್ಟಲು ಮಾಡಿದ ಸಾಲವೂ ಸೇರಿ 2023ರಲ್ಲಿ ಹೊರೆ ಸುಮಾರು 180 ಕೋಟಿ ಪೌಂಡ್ ಇತ್ತು. ಉಳಿಕೆಯ ಅಂಕ ಅದನ್ನು ಹೇಳುವುದಿಲ್ಲ. ಕಿಸೆಯಲ್ಲಿ ಇವತ್ತಿನ ಖರ್ಚಿಗೆ ದುಡ್ಡಿದೆ ಅಂತ ಸಾಲಗಾರನನ್ನು ಸಾಹುಕಾರ ಅಂದ ಹಾಗೆ.

ಭಾಗ್ಯ: ನೀವೆಲ್ಲ ದುಡ್ಡಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಜನರ ಕೆಲಸ ಆಯಿತಾ ಇಲ್ಲವಾ, ಅದನ್ನು ಅಳೆಯುವುದಿಲ್ಲವಾ?

ಸುಧಿ: ಅಳೆಯುತ್ತಾರೆ. ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿ ಆಯಿತು ಅಂತ.

ಮಂಜು: ಅದರಲ್ಲೂ ಕೈಚಳಕ ಇದೆ. ಇಂಗ್ಲೆಂಡಿನಲ್ಲಿ ಸಣ್ಣ ಕಟ್ಟಡದ ಅರ್ಜಿಗೆ 8 ವಾರದಲ್ಲಿ ಉತ್ತರ ಕೊಡಬೇಕು, ದೊಡ್ಡದಕ್ಕೆ 13 ವಾರ. ಗಡುವು ಹತ್ತಿರ ಬಂದಾಗ ಅರ್ಜಿದಾರನಿಗೆ ಫೋನ್ ಮಾಡಿ "ಸಮಯ ವಿಸ್ತರಣೆಗೆ ಒಪ್ಪಿಗೆ ಕೊಡಿ" ಅನ್ನಬಹುದು. ಅವನು ಒಪ್ಪಿದರೆ ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ಮುಗಿದ ಅರ್ಜಿ. ಇಲ್ಲ ಅಂದರೆ ತಿರಸ್ಕಾರ ಆದೀತು ಅನ್ನುವ ಭಯ. ಯಾರು ಬೇಡ ಅನ್ನುತ್ತಾರೆ?

ಭಾಗ್ಯ: ನಮ್ಮ ಸ್ಕೂಲಿನ ಹಾಜರಿ ಪುಸ್ತಕ ನೆನಪಾಯಿತು. ಅದರ ಕಥೆ ಇಲ್ಲಿ ಬೇಡ.

ಸುಧಿ: ಹಾಗಾದರೆ ಸಣ್ಣ ಕೌನ್ಸಿಲ್‌ಗಳನ್ನೆಲ್ಲ ಸೇರಿಸಿ ದೊಡ್ಡದು ಮಾಡಿಬಿಡಬೇಕು. ಪಟ್ಟಿಯ ಕೆಳಗೆ ಇರುವುದೆಲ್ಲ ಸಣ್ಣವೇ.

ಗೀತಾ: ಆಸ್ಟ್ರೇಲಿಯಾದ ಇನ್ನೊಂದು ರಾಜ್ಯ ನ್ಯೂ ಸೌತ್ ವೇಲ್ಸ್ 2016ರಲ್ಲಿ ಅದನ್ನೇ ಮಾಡಿತು. 152 ಇದ್ದದ್ದು 128 ಆಯಿತು. ಗಾಸ್ಫರ್ಡ್, ವೈಯಾಂಗ್ ಎರಡನ್ನೂ ಕೂಡಿಸಿ ಸೆಂಟ್ರಲ್ ಕೋಸ್ಟ್ ಅಂತ ಮಾಡಿದರು. 2020ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಹಣದ ಬಿಕ್ಕಟ್ಟು. ನೀರು, ಒಳಚರಂಡಿಗೆ ಅಂತ ತೆಗೆದಿಟ್ಟ ದುಡ್ಡನ್ನು ದಿನದ ಖರ್ಚಿಗೆ ಬಳಸಿದ್ದರು. ಆಯ್ಕೆಯಾದ ಸದಸ್ಯರನ್ನು ಅಮಾನತು ಮಾಡಿ ಆಡಳಿತಾಧಿಕಾರಿ ಬಂದರು.

ಸುಧಿ: ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಕೆಡಬೇಕಾ?

ಗೀತಾ: ಇಲ್ಲ. ದೊಡ್ಡದಾದರೆ ತಾನಾಗಿ ಗಟ್ಟಿಯಾಗುವುದಿಲ್ಲ, ಅಷ್ಟೇ. ಕ್ವೀನ್ಸ್‌ಲ್ಯಾಂಡ್ ಈಗ ಕೌನ್ಸಿಲ್‌ಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಗುರಿ ಕೊಟ್ಟಿದೆ. ಉದ್ದಕ್ಕೂ ರಸ್ತೆ, ಕೈಬೆರಳೆಣಿಕೆಯ ತೆರಿಗೆದಾರರು ಇರುವ ದೂರದ ಕೌನ್ಸಿಲ್ ಅನುದಾನ ಇಲ್ಲದೆ ಬದುಕುವುದಿಲ್ಲ. ಅದನ್ನು ಮಹಾನಗರದ ಪಕ್ಕ ನಿಲ್ಲಿಸಿ ಕೆಂಪು ಬಣ್ಣ ಬಳಿಯುವುದು ಅನ್ಯಾಯ.

ಸುಧಿ: ಆದರೂ ನಾನು ಪಟ್ಟಿಯ ಪರವೇ. ಪಟ್ಟಿ ಇಲ್ಲದಿದ್ದರೆ ಈ ಮಾತೆಲ್ಲ ಇವತ್ತು ಬರುತ್ತಿತ್ತಾ?

ಮಂಜು: ನೀನು ಪಟ್ಟಿ ಹಾಕಿ ಮಲಗುತ್ತಿದ್ದೆ. ಮಾತು ಶುರು ಮಾಡಿದ್ದು ಗೀತಾ.

ಸುಧಿ: ಸರಿ ಮಹರಾಯ. ಒಂದು ಕೌನ್ಸಿಲ್ ನಿಜವಾಗಿ ಗಟ್ಟಿಯಾಗಿದೆಯಾ ಅಂತ ನೋಡಬೇಕಾದರೆ ನಾನು ಏನು ಕೇಳಬೇಕು?

ಗೀತಾ: ಐದು ವರ್ಷದ ಅಂಕಿ ಕೇಳು, ಒಂದು ವರ್ಷದ್ದಲ್ಲ. ಆಸ್ತಿಯ ಆಯುಸ್ಸು ಯಾವಾಗ ಬದಲಾಯಿತು, ಯಾಕೆ ಅಂತ ಕೇಳು. ಬ್ಯಾಂಕಿನಲ್ಲಿರುವ ಹಣದಲ್ಲಿ ಬೇರೆ ಕೆಲಸಕ್ಕೆ ಮುಟ್ಟಬಾರದ್ದು ಎಷ್ಟು ಅಂತ ಕೇಳು.

ಮಂಜು: ಪೈಪು ಎಷ್ಟು ಸಲ ಒಡೆಯಿತು ಅಂತಲೂ ಕೇಳು. ಅದನ್ನು ಪೆನ್ನಿನಲ್ಲಿ ತಿದ್ದುವುದು ಸ್ವಲ್ಪ ಕಷ್ಟ.

ಸುಧಿ: ಇದೆಲ್ಲ ಎಲ್ಲಿ ಸಿಗುತ್ತದೆ?

ಗೀತಾ: ವಾರ್ಷಿಕ ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಲ್ಲಿ. ಒಂದು ಕೌನ್ಸಿಲ್‌ನದ್ದು ಹಾಕಲಾ? ಇನ್ನೂರು ಪುಟ ಇದೆ.

ಸುಧಿ: ಸವಕಳಿ ಇರುವ ಪುಟ ಮಾತ್ರ ಹಾಕು. ಉಳಿದದ್ದು ಭಾನುವಾರ ನೋಡೋಣ.