ತಮ್ಮನಿಗೆ ನಿದ್ದೆ ಇಲ್ಲ, ಸುಸ್ತೂ ಇಲ್ಲ: ಬೈಪೋಲಾರ್ ಬಗ್ಗೆ ಮನೋವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಸದಸ್ಯೆ, ಶಿವಮೊಗ್ಗ):

ನಮಸ್ಕಾರ ಮೇಡಂ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ತವರುಮನೆ ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ. ತಮ್ಮನಿಗೆ 24 ವರ್ಷ, ಡಿಗ್ರಿ ಮುಗಿಸಿ ಅಪ್ಪಯ್ಯನ ಜೊತೆ ತೋಟ ನೋಡ್ಕೊಂಡಿದ್ದ. ಮಳೆಗಾಲದಲ್ಲಿ ಪೂರ್ತಿ ಮಂಕಾಗಿಬಿಟ್ಟ. ಹಾಸಿಗೆ ಬಿಟ್ಟು ಏಳ್ತಿರಲಿಲ್ಲ, ಸ್ನಾನ, ಊಟ ಎಲ್ಲಾ ಹೇಳಿ ಹೇಳಿ ಮಾಡಿಸಬೇಕಿತ್ತು. 'ನಾನೊಬ್ಬ ನಿಮಗೆಲ್ಲ ಭಾರ' ಅಂತಿದ್ದ. ಹತ್ತಿರದ ಒಬ್ಬ ಡಾಕ್ಟರು ಡಿಪ್ರೆಶನ್ ಅಂತ ಮಾತ್ರೆ ಕೊಟ್ಟರು. ಮೆಲ್ಲಗೆ ಚೇತರಿಸಿಕೊಂಡ, ನಮಗೂ ಹೋದ ಜೀವ ಬಂತು.

ಈಗ ಕೊಯ್ಲು ಶುರುವಾದ ಮೇಲೆ ಬೇರೆಯೇ ಮನುಷ್ಯ ಆಗಿದ್ದಾನೆ. ರಾತ್ರಿ ಎರಡು ಮೂರು ತಾಸು ಮಲಗಿದರೆ ಹೆಚ್ಚು, ಆದ್ರೂ ಸುಸ್ತೇ ಇಲ್ಲ. ಅಡಿಕೆ ಸುಲಿಯೋರ ಜೊತೆ ಕೂತು ಒಂದೇ ಸಮ ಮಾತು. ಅವರು ಎದ್ದು ಹೋದ ಮೇಲೆ ಕೊಟ್ಟಿಗೆಗೆ ಬಣ್ಣ ಬಳಿಯೋಕೆ ನಿಲ್ತಾನೆ. ಮಂಡಿಯಲ್ಲಿ ಅಪ್ಪಯ್ಯನ ಹೆಸರಲ್ಲಿ ಮುಂಗಡ ತಂದು, ಹೋಂಸ್ಟೇ ಕಟ್ತೀನಿ ಅಂತ ಯಾವುದೋ ಜಾಗಕ್ಕೆ ಅಡ್ವಾನ್ಸ್ ಕೊಟ್ಟಿದ್ದಾನೆ. ಬೇಡ ಅಂದ್ರೆ ಕೆಂಡಾಮಂಡಲ. ಅಪ್ಪಯ್ಯನಿಗೆ ಎದುರು ಮಾತಾಡದಿದ್ದ ಹುಡುಗ, ಮೊನ್ನೆ ಕೈ ಎತ್ತೋಕೆ ಹೋದನಂತೆ. ಅಮ್ಮ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದ್ದಾರೆ. ಚಿಕ್ಕಪ್ಪ, 'ಹುಡುಗ ಈಗ ಚುರುಕಾಗಿದ್ದಾನೆ, ಒಂದು ಮದುವೆ ಮಾಡಿ' ಅಂತಾರೆ. ಇದು ಬೈಪೋಲಾರ್ ಇರಬಹುದಾ? ಎಲ್ಲಿ ತೋರಿಸೋದು?

ಉತ್ತರ (ಮನೋವೈದ್ಯೆ):

ನೀವು ಬರೆದದ್ದರಲ್ಲಿ ನಾನು ಎರಡು ಸಲ ಓದಿದ ಸಾಲು 'ಆದ್ರೂ ಸುಸ್ತೇ ಇಲ್ಲ' ಅನ್ನೋದು. ಚಿಂತೆಗೆ ನಿದ್ದೆ ಕೆಟ್ಟವರು ಬೆಳಿಗ್ಗೆ ಕಣ್ಣು ಕೆಂಪು ಮಾಡ್ಕೊಂಡು, ತಲೆ ಹಿಡ್ಕೊಂಡು ಕೂರ್ತಾರೆ. ನಿದ್ದೆ ಬೇಕು ಅಂತಲೇ ಅನ್ನಿಸದೆ ದಿನಗಟ್ಟಲೆ ಲವಲವಿಕೆಯಿಂದ ಓಡಾಡೋದು ಬೇರೆ ವಿಷಯ. ಮೇನಿಯಾದಲ್ಲಿ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿಯಲ್ಲಿ, ಬಹುಮಟ್ಟಿಗೆ ಮೊದಲು ಕಾಣಿಸಿಕೊಳ್ಳೋದೇ ಇದು. ಅದರ ಬೆನ್ನಿಗೆ ಉಳಿದದ್ದೆಲ್ಲ ಬರುತ್ತೆ: ನಿಲ್ಲದ ಮಾತು, ಒಂದು ಮುಗಿಯೋ ಮೊದಲೇ ಇನ್ನೊಂದಕ್ಕೆ ಹಾರುವ ಯೋಚನೆ, ನನ್ನಂಥವನಿಲ್ಲ ಅನ್ನೋ ಭಾವನೆ, ಕೈ ಮೀರಿದ ಖರ್ಚು, ತಡೆದರೆ ಸಿಟ್ಟು. ಕೆಲವರಿಗೆ ಕಿವಿಯಲ್ಲಿ ದನಿ ಕೇಳಿಸುತ್ತೆ, ದೇವರು ನನ್ನ ಜೊತೆ ಮಾತಾಡ್ತಾನೆ ಅಂತಲೂ ಹೇಳ್ತಾರೆ.

ನೋಡದೆ ರೋಗದ ಹೆಸರು ಹೇಳೋದು ಸರಿಯಲ್ಲ. ಆದರೆ ಮಳೆಗಾಲದ ಮಂಕು, ಈಗಿನ ಈ ಅಬ್ಬರ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಸಿದು ಇನ್ನೊಮ್ಮೆ ಮಿತಿಮೀರಿ ಏರುವ ಕಾಯಿಲೆ, ಅನ್ನೋ ಅನುಮಾನ ಬಲವಾಗೇ ಬರುತ್ತೆ. ಕೊಯ್ಲು ಮುಗೀಲಿ ಅಂತ ಕಾಯಬೇಡಿ, ಈ ವಾರವೇ ತೋರಿಸಿ. ಇಂಥ ಸ್ಥಿತಿ ಒಂದು ವಾರ ಎಡೆಬಿಡದೆ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ಜೋರಾದರೆ, ಅದನ್ನ ಮೇನಿಯಾ ಅಂತೀವಿ. ಅದಕ್ಕಿಂತ ಮೆತ್ತಗಿನದು, ನಾಲ್ಕು ದಿನವಾದರೂ ಇರೋದು ಹೈಪೋಮೇನಿಯಾ. ಹಳ್ಳಿ ಮನೆಗಳಲ್ಲಿ ಇದು ರೋಗ ಅಂತ ಗೊತ್ತಾಗೋದೇ ಇಲ್ಲ. ಹುಡುಗ ಮೂರು ಆಳಿನ ಕೆಲಸ ಮಾಡ್ತಾನೆ ಅಂತ ಎಲ್ಲರೂ ಹೊಗಳ್ತಾರೆ. ನಿಮ್ಮ ಚಿಕ್ಕಪ್ಪನಿಗೆ ಕಂಡ ಚುರುಕೂ ಅದೇ ಇರಬಹುದು.

ಈ ಗುಂಪಿನ ಎಲ್ಲರಿಗೂ ಒಂದು ಮಾತು ಒತ್ತಿ ಹೇಳ್ತೀನಿ. ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮನಸ್ಸು ಕುಸಿದಾಗ ಬರ್ತಾರೆ, ಕುಸಿದ ಕಥೆ ಮಾತ್ರ ಹೇಳ್ತಾರೆ. ಅದಕ್ಕೆ ಹಿಂದೊಮ್ಮೆ ಏರಿತ್ತು ಅನ್ನೋದನ್ನ ಯಾರೂ ಬಾಯಿ ಬಿಡೋದಿಲ್ಲ, ಯಾಕಂದ್ರೆ ಅದು ಅವರ ಲೆಕ್ಕದಲ್ಲಿ ಒಳ್ಳೇ ದಿನ. ಆ ಕಥೆ ಗೊತ್ತಿಲ್ಲದೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ, ಬೈಪೋಲಾರ್ ಇರುವ ಕೆಲವರಲ್ಲಿ ಮನಸ್ಸು ತಿರುಗಿ ಮೇನಿಯಾ ಕಡೆಗೆ ಹಾರುತ್ತೆ. ನಿಮ್ಮ ತಮ್ಮನಿಗೂ ಹಾಗಾಗಿರುವ ಸಾಧ್ಯತೆ ಇದೆ. ಆ ಮಾತ್ರೆ ಮುಂದುವರಿಸಬೇಕಾ ಅಂತ ಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಈಗ ಹೀಗಾಗಿದೆ ಅಂತ ತಿಳಿಸಿ ಕೇಳಿ. ನಿಮ್ಮಷ್ಟಕ್ಕೆ ನೀವೇ ತೀರ್ಮಾನ ಮಾಡಬೇಡಿ.

ತೋರಿಸೋಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ತೀರಾ ಕಷ್ಟದ ಕೇಸಾದರೆ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಇಲ್ಲಿಂದಲೇ ಬರೆದುಕೊಡ್ತಾರೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಮಂಕು ಶುರುವಾದದ್ದು ಯಾವಾಗ, ಮಾತ್ರೆ ಶುರು ಮಾಡಿದ್ದು ಯಾವಾಗ, ನಿದ್ದೆ ಕಡಿಮೆಯಾದದ್ದು ಯಾವಾಗ, ಈಗ ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಏಳ್ತಾನೆ. ತಿನ್ನುತ್ತಿರುವ ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಿನಲ್ಲಿರಲಿ. ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ, ಆತ್ಮಹತ್ಯೆ ಆಗಿತ್ತಾ ಅಂತ ಕೇಳ್ತಾರೆ, ಮುಚ್ಚಿಡಬೇಡಿ. ಗಾಂಜಾ, ಕುಡಿತದ ಬಗ್ಗೆಯೂ ಕೇಳ್ತಾರೆ. ಥೈರಾಯ್ಡ್ ಹೆಚ್ಚಾದರೂ, ಸ್ಟಿರಾಯ್ಡ್ ಮಾತ್ರೆ ತಗೊಂಡರೂ ಇದೇ ಥರ ಕಾಣಬಹುದು, ಅದಕ್ಕೇ ರಕ್ತ ಪರೀಕ್ಷೆ ಬರೆಯೋದು.

ಪ್ರಶ್ನೆ (ಅದೇ ಸದಸ್ಯೆ):

ತುಂಬಾ ಉಪಕಾರ ಆಯ್ತು ಮೇಡಂ. ಆದರೆ ಅವನು ಬರೋಕೆ ಒಪ್ಪಬೇಕಲ್ಲ. 'ನನಗೇನಾಗಿದೆ? ಹುಚ್ಚು ನಿಮಗೆ' ಅಂತಾನೆ. ಚಿಕ್ಕಪ್ಪ ನಾಲ್ಕು ಜನ ಸೇರಿ ಕೈಕಾಲು ಕಟ್ಟಿ ಜೀಪಿಗೆ ಹಾಕೋಣ ಅಂತಿದ್ದಾರೆ.

ಉತ್ತರ:

ಕಟ್ಟಬೇಡಿ. ಈ ಸ್ಥಿತಿ ಇಳಿದ ಮೇಲೂ ಅವನಿಗೆ ಅದು ನೆನಪಿರುತ್ತೆ, ಆಮೇಲೆ ಆಸ್ಪತ್ರೆ ಅಂದರೇ ಬೆನ್ನು ತಿರುಗಿಸ್ತಾನೆ.

ರೋಗ ಇದೆ, ಇಲ್ಲ ಅಂತ ವಾದಕ್ಕೆ ಇಳಿಯಬೇಡಿ, ಗೆಲ್ಲೋಕಾಗಲ್ಲ. ತನಗೇ ಕಾಟ ಅನ್ನಿಸೋದು ಏನಾದರೂ ಇದ್ದೇ ಇರುತ್ತೆ: ತಲೆ ಬಿಸಿ, ಬೇಗ ಬರುವ ಸಿಟ್ಟು, ಯೋಚನೆ ನಿಲ್ಲದಿರೋದು. 'ನಿದ್ದೆ ಒಂದು ಸರಿ ಮಾಡ್ಕೊಂಡು ಬರೋಣ' ಅಂದರೆ ಒಪ್ಪುವವರು ತುಂಬಾ ಜನ. ಹೇಳೋದು ಅಪ್ಪಯ್ಯ ಬೇಡ, ಅವರ ಜೊತೆ ಈಗಾಗಲೇ ಜಟಾಪಟಿ ಆಗಿದೆ. ಭಾವನೋ, ಜೊತೆಗೆ ಓದಿದ ಸ್ನೇಹಿತನೋ, ಅವನು ಮರ್ಯಾದೆ ಕೊಡುವ ಒಬ್ಬರು ಹೇಳಲಿ. ಪೇಟೆಗೆ ಹೋಗೋಣ ಅಂತ ಸುಳ್ಳು ಹೇಳಿ ಆಸ್ಪತ್ರೆ ಮುಂದೆ ಇಳಿಸಬೇಡಿ.

ಒಪ್ಪದೇ ಹೋದರೂ ದಾರಿ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನಗೋ ಬೇರೆಯವರಿಗೋ ಅಪಾಯ ಮಾಡುವಂತಿದ್ದು ತೀರ್ಮಾನ ತಗೊಳ್ಳುವ ಸ್ಥಿತಿಯಲ್ಲಿ ಇಲ್ಲದವರನ್ನು, ಅವರ ಪರವಾಗಿ ನಿಂತವರ ಅರ್ಜಿಯ ಮೇಲೆ, ತಜ್ಞರು ಪರೀಕ್ಷಿಸಿ ಮೊದಲಿಗೆ 30 ದಿನದವರೆಗೆ ದಾಖಲು ಮಾಡ್ಕೋಬಹುದು. ಸರಪಳಿ ಹಾಕಿಡೋದನ್ನ ಅದೇ ಕಾಯ್ದೆ ನಿಷೇಧಿಸಿದೆ. ಹೊಡೆದಾಟದ ಮಟ್ಟಕ್ಕೆ ಹೋದರೆ 112, ಆಂಬುಲೆನ್ಸ್‌ಗೆ 108.

ಇವತ್ತು ಸಂಜೆಯೊಳಗೆ ಮಾಡಬೇಕಾದದ್ದೂ ಇದೆ. ಮನೆಯಲ್ಲಿ ಕೋವಿ ಇದ್ದರೆ ಸ್ಟೇಷನ್‌ಗೆ ಒಪ್ಪಿಸುವ ಬಗ್ಗೆ ಅಪ್ಪಯ್ಯ ಈಗಲೇ ಅಲ್ಲಿ ಮಾತಾಡಲಿ. ಕಳೆನಾಶಕ, ಮೈಲುತುತ್ತ, ತೋಟದ ಔಷಧಿಗಳೆಲ್ಲ ಬೀಗದೊಳಗೆ ಹೋಗಲಿ, ಬೀಗದ ಕೈ ಅಪ್ಪಯ್ಯನ ಹತ್ತಿರ ಇರಲಿ. ಜೀಪು, ಬೈಕಿನ ಕೀಲಿಯೂ ಅಷ್ಟೇ. ಮುಂದೆ ದುಡ್ಡು ಕೊಡಬೇಡಿ ಅಂತ ಅಪ್ಪಯ್ಯನೇ ಮಂಡಿಗೆ ಹೋಗಿ ಹೇಳಿಬರಲಿ, ರೋಗದ ವಿಷಯ ಅಲ್ಲಿ ಎತ್ತಬೇಕಿಲ್ಲ.

ಪ್ರಶ್ನೆ (ಸದಸ್ಯರು, ಸಾಗರ):

ಮೇಡಂ, ಇಲ್ಲೇ ನನ್ನದೊಂದು. ನನ್ನ ತಾಯಿಗೆ ಬಹಳ ವರ್ಷದಿಂದ ಇದೇ ಕಾಯಿಲೆ, ಮನಸ್ಸಿನ ಏರಿಳಿತ ತಡೆಯೋಕೆ ಕೊಡುವ ಲಿಥಿಯಂ ಮಾತ್ರೆ ಮೇಲೆ ಚೆನ್ನಾಗೇ ಇದ್ದಾರೆ. ಇತ್ತೀಚೆಗೆ ಮಂಡಿನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗ್ತಿದ್ದಾರೆ. ಈಗ ಕೈ ನಡುಗಿ ಕಾಫಿ ಲೋಟ ಹಿಡಿಯೋಕಾಗಲ್ಲ, ವಾಂತಿ ಬೇರೆ. ವಯಸ್ಸಿನದ್ದು ಅಂತ ಸುಮ್ಮನಿದ್ದೀವಿ.

ಉತ್ತರ:

ಇದನ್ನ ಓದಿದ ತಕ್ಷಣ ಆಸ್ಪತ್ರೆಗೆ ಹೊರಡಿ. ಇವತ್ತಿನ ಲಿಥಿಯಂ ಮಾತ್ರೆ ಕೊಡಬೇಡಿ, ನೋವಿನ ಮಾತ್ರೆಯನ್ನೂ ನಿಲ್ಲಿಸಿ, ಎರಡರ ಸ್ಟ್ರಿಪ್ಪನ್ನೂ ಡಾಕ್ಟರಿಗೆ ತೋರಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕೋದನ್ನ ಕಡಿಮೆ ಮಾಡ್ತವೆ, ರಕ್ತದಲ್ಲಿ ಅದು ಏರ್ತಾ ಹೋಗುತ್ತೆ. ಕೈ ಜೋರಾಗಿ ನಡುಗೋದು, ವಾಂತಿ ಭೇದಿ, ತೂರಾಡುವ ನಡಿಗೆ, ತೊದಲು ಮಾತು, ಮಂಪರು ಇವೆಲ್ಲ ಲಿಥಿಯಂ ವಿಷವಾಗ್ತಿದೆ ಅನ್ನೋದರ ಲಕ್ಷಣ. ತಡ ಮಾಡಿದರೆ ಮೂತ್ರಪಿಂಡಕ್ಕೂ ಮೆದುಳಿಗೂ ಪೆಟ್ಟು.

ಲಿಥಿಯಂ ತಗೊಳ್ಳುವ ಉಳಿದವರೂ ಕೇಳಿಸಿಕೊಳ್ಳಿ. ರಕ್ತದಲ್ಲಿ ಅದು ಸಾಮಾನ್ಯವಾಗಿ 0.6ರಿಂದ 1.0ರ (ಲ್ಯಾಬ್ ವರದಿಯ mEq/L ಲೆಕ್ಕದಲ್ಲಿ) ಒಳಗಿರಬೇಕು. 1.5 ದಾಟಿದರೆ ಅಪಾಯ, ವಯಸ್ಸಾದವರಿಗೆ ಅದಕ್ಕಿಂತ ಕಡಿಮೆಯಲ್ಲೇ ತೊಂದರೆ ಶುರುವಾಗಬಹುದು. ಪರೀಕ್ಷೆಗೆ ರಕ್ತ ಕೊಡೋದು ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿರಿ, ಬೆಳಗಿನ ಮಾತ್ರೆ ರಕ್ತ ಕೊಟ್ಟಾದ ಮೇಲೆ. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಆಗಬೇಕು. ವಾಂತಿ ಭೇದಿಯಾದರೆ, ಜ್ವರದಲ್ಲಿ ನೀರು ಸೇರದಿದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಬಿಪಿ ಬಂತು ಅಂತ ಊಟದ ಉಪ್ಪನ್ನು ಒಮ್ಮೆಲೇ ಬಿಡಬೇಡಿ, ಉಪ್ಪು ಕಡಿಮೆಯಾದರೆ ಲಿಥಿಯಂ ಏರುತ್ತೆ. ಬಿಪಿಯ ಕೆಲವು ಮಾತ್ರೆಗಳಿಗೂ ಇದೇ ಗುಣ ಇದೆ. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಹೇಳಬೇಕಾದ ಮಾತು, 'ನಾನು ಲಿಥಿಯಂ ಮೇಲಿದ್ದೀನಿ.'

ಪ್ರತಿಕ್ರಿಯೆ (ಸದಸ್ಯರು, ಭದ್ರಾವತಿ):

ಈ ಮಾತ್ರೆಗಳೆಲ್ಲ ಅಭ್ಯಾಸ ಆಗಿಬಿಡ್ತವೆ, ಮನುಷ್ಯ ಬೊಂಬೆ ಆಗ್ತಾನೆ. ಯೋಗ, ಪೂಜೆ, ಮನೋಧೈರ್ಯ ಇದ್ದರೆ ಸಾಕು.

ಉತ್ತರ:

ಲಿಥಿಯಂ ಒಂದು ಲವಣ, ಚಟ ಹತ್ತಿಸುವ ವಸ್ತು ಅಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಅದರ ಉಪಯೋಗ ತೋರಿಸಿಕೊಟ್ಟರು. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯನ್ನೂ ಅದು ಕಡಿಮೆ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ಮಾತ್ರೆಯಿಂದ ಮಂಪರು ಹೆಚ್ಚಾದರೆ ಬಂದು ಹೇಳಿ, ಡೋಸ್ ಕಡಿಮೆ ಮಾಡ್ತೀವಿ, ಮಾತ್ರೆ ಬದಲಾಯಿಸ್ತೀವಿ. ಯೋಗ ಮಾಡಲಿ, ಪೂಜೆಯೂ ನಡೀಲಿ. ಆ ತಾಯಿ ಕಟ್ಟಿಸಿದ ಅಂತ್ರವನ್ನು ಬಿಚ್ಚಿ ಅಂತ ನಾನು ಹೇಳೋದಿಲ್ಲ, ಅದು ಕೈಯಲ್ಲೇ ಇದ್ದು ಮಾತ್ರೆ ಹೊಟ್ಟೆಗೆ ಹೋಗಲಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೈಪೋಲಾರ್ ಇದ್ದವರಲ್ಲಿ ಶೇ. 70ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮನೋಧೈರ್ಯ ಒಂದೇ ಸಾಕಾಗಿದ್ದರೆ ನಮ್ಮ ವಾರ್ಡುಗಳು ಖಾಲಿ ಇರುತ್ತಿದ್ದವು.

ಪ್ರಶ್ನೆ (ಸದಸ್ಯೆ, ಹೊಸನಗರ):

ನನಗೇ ಈ ಕಾಯಿಲೆ ಇದೆ ಮೇಡಂ, ಸ್ಕೂಲಿನಲ್ಲಿ ಪಾಠ ಮಾಡ್ತೀನಿ. ಇದಕ್ಕೇ ಕೊಡುವ ವಾಲ್ಪ್ರೊಯೇಟ್ ಮಾತ್ರೆ ತಗೊಳ್ತಿದ್ದೀನಿ. ಮನೆಯಲ್ಲಿ ಗಂಡು ನೋಡ್ತಿದ್ದಾರೆ, ವಿಷಯ ಮುಚ್ಚಿಡು ಅಂತಾರೆ. ಮಕ್ಕಳಿಗೂ ಬರುತ್ತಾ? ಇನ್ನೊಂದು, ರಾತ್ರಿಯಿಡೀ ಯಕ್ಷಗಾನ ನೋಡೋದಂದ್ರೆ ನನಗೆ ಪ್ರಾಣ. ಅದನ್ನೂ ಬಿಡಬೇಕಾ?

ಉತ್ತರ:

ಮೊದಲು ಮಾತ್ರೆ ವಿಷಯ. ವಾಲ್ಪ್ರೊಯೇಟ್ ತಗೊಳ್ಳುವಾಗ ಬಸಿರಾದರೆ ಮಗುವಿನ ಬೆನ್ನುಹುರಿಗೆ, ಮೆದುಳಿನ ಬೆಳವಣಿಗೆಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಮದುವೆ ನಿಶ್ಚಯವಾಗಲಿ ಅಂತ ಕಾಯದೆ ಈಗಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸ್ತಾರೆ. ಹೆದರಿ ನೀವೇ ನಿಲ್ಲಿಸಬೇಡಿ. ಮಕ್ಕಳ ವಿಷಯ: ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 10ರ ಆಸುಪಾಸು. ಅಂದರೆ ಹೆಚ್ಚಿನ ಮಕ್ಕಳಿಗೆ ಬರೋದಿಲ್ಲ.

ಗಂಡಿನ ಕಡೆಯವರಿಗೆ ಹೇಳಿಬಿಡಿ ಅನ್ನೋದೇ ನನ್ನ ಅಭಿಪ್ರಾಯ. ಮುಚ್ಚಿಟ್ಟವರು ಮದುವೆಯಾದ ಹೊಸದರಲ್ಲಿ ಮಾತ್ರೆಯನ್ನೂ ಬಚ್ಚಿಡಬೇಕಾಗುತ್ತೆ, ಬಿಟ್ಟು ಬಿಟ್ಟು ತಗೊಳ್ತಾರೆ, ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಜೋರಾಗಿ ಮರುಕಳಿಸಬಹುದು. ಆಗ ಪಕ್ಕದಲ್ಲಿರುವ ಗಂಡನಿಗೆ ಏನೂ ಗೊತ್ತಿಲ್ಲ ಅಂದರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು?

ಯಕ್ಷಗಾನ ಬಿಡಬೇಡಿ, ಆದರೆ ರಾತ್ರಿಯಿಡೀ ಕೂರಬೇಡಿ. ಒಂದು ರಾತ್ರಿಯ ನಿದ್ದೆ ತಪ್ಪಿದ್ದೇ ನೆಪವಾಗಿ ಮೇನಿಯಾ ಶುರುವಾದವರನ್ನು ನಾನು ನೋಡಿದ್ದೀನಿ. ಈಗೀಗ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟಗಳು ಬೇಕಾದಷ್ಟಿವೆ, ಅಂಥವನ್ನ ನೋಡಿ. ಪ್ರಯಾಣದಲ್ಲೂ ಅಷ್ಟೇ, ಬೆಂಗಳೂರಿನ ರಾತ್ರಿ ಬಸ್ಸಿಗಿಂತ ಹಗಲಿನ ರೈಲು ವಾಸಿ.

ಪ್ರತಿಕ್ರಿಯೆ (ಮೊದಲ ಸದಸ್ಯೆ):

ಮೇಡಂ, ಭಾವ ಹೇಳಿದ್ದಕ್ಕೆ ಬಂದ. ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಮಾತ್ರೆ ಶುರು ಮಾಡಿದರು, ಬೈಪೋಲಾರ್ ಅಂತಲೇ ಹೇಳಿದರು. ಈಗ ಮನೆಗೆ ಬಂದಿದ್ದಾನೆ, ರಾತ್ರಿ ನಿದ್ದೆ ಮಾಡ್ತಾನೆ. ಅಪ್ಪಯ್ಯ ಜಾಗದ ಅಡ್ವಾನ್ಸ್ ಬಗ್ಗೆ ಒಂದು ಸಲ ಕೂರಿಸಿ ಕೇಳಬೇಕು ಅಂತಿದ್ದಾರೆ. ಮಾತ್ರೆ ಎಷ್ಟು ದಿನ?

ಉತ್ತರ:

ಒಳ್ಳೇ ಸುದ್ದಿ. ಮಾತ್ರೆ ದಿನದ ಲೆಕ್ಕದ್ದಲ್ಲ, ವರ್ಷಗಳ ಲೆಕ್ಕದ್ದು, ಎಷ್ಟು ವರ್ಷ ಅನ್ನೋದನ್ನ ಕಾಯಿಲೆ ಎಷ್ಟು ಸಲ ಬಂತು ಅನ್ನೋದರ ಮೇಲೆ ಡಾಕ್ಟರು ಹೇಳ್ತಾರೆ. ಹುಷಾರಾದೆ ಅಂತ ತಾನೇ ಬಿಡೋದು ಈ ಕಾಯಿಲೆ ಮರಳಿ ಬರುವ ದೊಡ್ಡ ಕಾರಣ.

ದುಡ್ಡಿನ ಮಾತು ಈಗ ಬೇಡ, ಅಪ್ಪಯ್ಯನಿಗೆ ನನ್ನ ಹೆಸರಲ್ಲೇ ಹೇಳಿ. ಅಬ್ಬರ ಇಳಿದ ಮೇಲಿನ ವಾರಗಳಲ್ಲಿ ಮನಸ್ಸು ಮತ್ತೆ ಕುಸಿಯುವುದುಂಟು. ಏನೇನು ಮಾಡಿಬಿಟ್ಟೆ ಅನ್ನೋ ನಾಚಿಕೆಯೂ ಆಗಲೇ ಬರುತ್ತೆ, ಸಾಯುವ ಯೋಚನೆ ಬರುವ ಹೊತ್ತೂ ಅದೇ. ಜಾಗದವರ ಹತ್ತಿರ ಭಾವನೇ ಮಾತಾಡಲಿ. ಕೋವಿ ಸ್ಟೇಷನ್‌ನಿಂದ ವಾಪಸ್ ತರೋದು ಬೇಡ, ಔಷಧಿಗಳ ಬೀಗವೂ ತೆಗೆಯಬೇಡಿ. 'ಸತ್ತರೆ ಚೆನ್ನಾಗಿತ್ತು ಅನ್ನಿಸುತ್ತಾ?' ಅಂತ ನೇರವಾಗೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋ ಭಯ ಬೇಡ. ಹೌದು ಅಂದರೆ ಒಬ್ಬನನ್ನೇ ಬಿಡದೆ ಅವತ್ತೇ ಕರ್ಕೊಂಡು ಬನ್ನಿ, ಮುಂದಿನ ತಪಾಸಣೆ ತಾರೀಕಿಗೆ ಕಾಯಬೇಡಿ.