43 ದಿನಗಳ ಶಟ್‌ಡೌನ್: ಬಾಕಿ ಸಂಬಳ ಕೈಸೇರಿದ ಮೇಲೂ ಉಳಿದ ನಷ್ಟ ಯಾರದು?

ಪ್ರಶ್ನೆ (ಅರ್ಥಶಾಸ್ತ್ರ ಉಪನ್ಯಾಸಕಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಸಾರ್ವಜನಿಕ ಹಣಕಾಸಿನ ಪಾಠ ಮಾಡುತ್ತೇನೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಮೆರಿಕದ ಕೇಂದ್ರ ಸರ್ಕಾರದ ಅನೇಕ ಕಚೇರಿಗಳು ಸಂಸತ್ತಿನ ಒಪ್ಪಿಗೆ ಸಿಗದೆ, ಅನುದಾನವಿಲ್ಲದೆ ಮುಚ್ಚಿದ್ದವು. ಅಲ್ಲಿಯವರೆಗಿನ ಶಟ್‌ಡೌನ್‌ಗಳಲ್ಲೆಲ್ಲ ಅದೇ ಅತಿ ದೀರ್ಘವಾದದ್ದು. ಈ ವಿಷಯ ತರಗತಿಯಲ್ಲಿ ಬಂದಾಗ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಿದರು. ನೌಕರರಿಗೆ ಅಷ್ಟೂ ದಿನಗಳ ಸಂಬಳ ಕೊನೆಗೆ ಸಿಕ್ಕಿತೆಂದಮೇಲೆ ನಷ್ಟವಾದದ್ದು ಯಾರಿಗೆ? ನಮ್ಮ ದೇಶದಲ್ಲಿ ಇಂಥದ್ದು ಏಕೆ ಆಗುವುದಿಲ್ಲ? ಪಠ್ಯಪುಸ್ತಕದ ಉತ್ತರ ಹೇಳಿದೆನಾದರೂ ಅದು ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅಲ್ಲಿರುವವರು ಮತ್ತು ಖಜಾನೆಯ ಕೆಲಸ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಮೇರಿಲ್ಯಾಂಡ್ ನಿವಾಸಿ)

ಮೇಡಂ, ಮೊದಲು ಸಂಬಳದ ಲೆಕ್ಕವನ್ನೇ ನೋಡೋಣ. ಈ ಅವಧಿಯಲ್ಲಿ ಸುಮಾರು 6.7 ಲಕ್ಷ ನೌಕರರನ್ನು ಮನೆಗೆ ಕಳುಹಿಸಲಾಗಿತ್ತು, ಹೆಚ್ಚುಕಡಿಮೆ 7.3 ಲಕ್ಷ ಮಂದಿ ಸಂಬಳವಿಲ್ಲದೆಯೇ ಕೆಲಸಕ್ಕೆ ಹೋದರು. 2019ರಲ್ಲಿ ಬಂದ ಕಾಯ್ದೆಯ ಪ್ರಕಾರ ಇವರಿಬ್ಬರಿಗೂ ಬಾಕಿ ಸಂಬಳ ಸಲ್ಲಬೇಕು, ಸಂದಿತು ಕೂಡ. ಅಂದರೆ ಮನೆಯಲ್ಲಿ ಕೂರಿಸಿದ ದಿನಗಳಿಗೂ ಖಜಾನೆ ಪೂರ್ತಿ ಹಣ ತೆತ್ತಿತು, ಕೆಲಸ ಮಾತ್ರ ಆಗಲಿಲ್ಲ. ಕಚೇರಿ ಮುಚ್ಚಿದ್ದರಿಂದ ಸರ್ಕಾರಕ್ಕೆ ಉಳಿತಾಯವಾಯಿತು ಎಂದು ಯಾರಾದರೂ ಹೇಳಿದರೆ ಅದನ್ನು ಖಂಡಿತ ನಂಬಬೇಡಿ.

ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ, ಶಟ್‌ಡೌನ್ ಆರು ವಾರ ನಡೆದರೆ ಶಾಶ್ವತವಾಗಿ ಕಳೆದುಹೋಗುವ ಉತ್ಪಾದನೆಯ ಮೌಲ್ಯ ಸುಮಾರು 1,100 ಕೋಟಿ ಡಾಲರ್. ಅದಕ್ಕೆ ಹಿಂದಿನದು, 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗಿನ 35 ದಿನಗಳದು, ಭಾಗಶಃ ಶಟ್‌ಡೌನ್ ಆಗಿತ್ತು. ಅದರಲ್ಲಿ ಮತ್ತೆಂದೂ ತುಂಬಿಕೊಳ್ಳಲಾಗದ ನಷ್ಟವನ್ನು ಇದೇ ಕಚೇರಿ 300 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತ್ತು. ವರ್ಷಕ್ಕೆ ಸುಮಾರು 30 ಲಕ್ಷ ಕೋಟಿ ಡಾಲರ್‌ಗಳ ಆರ್ಥಿಕತೆಯಲ್ಲಿ ಇವು ಬಹಳ ಸಣ್ಣ ಮೊತ್ತಗಳು. ಜಿಡಿಪಿಯನ್ನಷ್ಟೇ ನೋಡುವವರಿಗೆ ಶಟ್‌ಡೌನ್ ಬಂದುಹೋಗುವ ಕಿರಿಕಿರಿಯಂತೆ ಕಾಣುವುದು ಇದರಿಂದಲೇ. ನಷ್ಟ ಎಷ್ಟು ಎಂಬುದಕ್ಕಿಂತ ಅದು ಯಾರ ಮೇಲೆ ಬಿತ್ತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಕಟ್ಟಡಗಳನ್ನು ಗುಡಿಸುವವರು, ಕಾವಲು ಕಾಯುವವರು, ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು ಬಹುಮಟ್ಟಿಗೆ ಹೊರಗುತ್ತಿಗೆಯವರು. 2019ರ ಕಾಯ್ದೆ ಇವರನ್ನು ಒಳಗೊಂಡಿಲ್ಲ. ನಾನು ಗುತ್ತಿಗೆಯ ಮೇಲೆ ಕೆಲಸ ಮಾಡುವ ಕಟ್ಟಡದಲ್ಲಿ ಕಾಯಂ ವಿಜ್ಞಾನಿಗಳಿಗೆ ನವೆಂಬರಿನಲ್ಲಿ ಅಷ್ಟೂ ಸಂಬಳ ಒಟ್ಟಿಗೆ ಬಂತು. ಅದೇ ಕಟ್ಟಡದ ನೆಲ ಒರೆಸುವ ಹೆಂಗಸರಿಗೆ ಆರು ವಾರಗಳ ಕೂಲಿ ಹೋದದ್ದು ಹೋಯಿತು. ಒಂದೇ ಬಾಗಿಲಿನಿಂದ ಒಳಗೆ ಬರುವವರ ನಡುವೆ ಕಾನೂನು ಇಷ್ಟು ಅಂತರ ಇಟ್ಟಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಕಾಯಂ ನೌಕರರೂ ನೆಮ್ಮದಿಯಿಂದ ಇರಲಿಲ್ಲ. ಮನೆಗೆ ಕಳುಹಿಸಿದವರಿಗೆ ಬಾಕಿ ಸಂಬಳ ತಾನಾಗಿಯೇ ಸಿಗಬೇಕೆಂದೇನಿಲ್ಲ ಎಂಬ ವಾದವನ್ನು ಅಕ್ಟೋಬರ್‌ನಲ್ಲಿ ಶ್ವೇತಭವನದ ಕಡೆಯಿಂದಲೇ ತೇಲಿಬಿಡಲಾಯಿತು. ಸಾವಿರಾರು ಮಂದಿಗೆ ವಜಾ ನೋಟಿಸುಗಳೂ ಹೋದವು. ಕಚೇರಿಗಳನ್ನು ಮತ್ತೆ ತೆರೆದ ಕಾನೂನು ಆ ನೋಟಿಸುಗಳನ್ನು ರದ್ದುಗೊಳಿಸಿತಾದರೂ, ಅಷ್ಟರಲ್ಲಿ ಮನೆ ಸಾಲದ ಕಂತಿಗೆ ದಂಡ ಕಟ್ಟಿದವರಿಗೆ, ಕ್ರೆಡಿಟ್ ಕಾರ್ಡಿನ ಬಡ್ಡಿಯಲ್ಲಿ ಸಿಕ್ಕಿಕೊಂಡವರಿಗೆ ಆ ಹಣ ಯಾವ ಕಾನೂನಿನಿಂದಲೂ ಮರಳಲಿಲ್ಲ.

ಉತ್ತರ 2 (ನಿವೃತ್ತ ಖಜಾನೆ ಅಧಿಕಾರಿ, ಮೈಸೂರು)

ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಶಾಸನಸಭೆಯ ಒಪ್ಪಿಗೆಯಿಲ್ಲದೆ ಹಣ ತೆಗೆಯಬಾರದೆಂಬ ನಿಯಮ ನಮ್ಮಲ್ಲೂ ಅಷ್ಟೇ ಕಟ್ಟುನಿಟ್ಟಾಗಿದೆ. ಸರ್ಕಾರದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಹಣ ಹೊರಬರಬೇಕಾದರೆ ಧನವಿನಿಯೋಗ ಕಾಯ್ದೆ ಬೇಕೇ ಬೇಕು. ಆದರೆ ನಮ್ಮಲ್ಲಿ ಸರ್ಕಾರ ನಿಂತಿರುವುದೇ ಕೆಳಮನೆಯ ಬಹುಮತದ ಮೇಲೆ. ಹಣಕಾಸಿನ ಬೇಡಿಕೆಗೆ ಸದನದಲ್ಲಿ ಸೋಲಾದರೆ ಸರ್ಕಾರ ಉಳಿಯುವುದಿಲ್ಲ. ಅಧ್ಯಕ್ಷರು ಒಂದು ಕಡೆ, ಸಂಸತ್ತು ಇನ್ನೊಂದು ಕಡೆ ಹಟ ಹಿಡಿದು ವಾರಗಟ್ಟಲೆ ಕೂರುವ ಸನ್ನಿವೇಶಕ್ಕೆ ಇಲ್ಲಿ ಎಡೆಯಿಲ್ಲ. ಇದಲ್ಲದೆ ಕೇಂದ್ರಕ್ಕೆ ಸಂವಿಧಾನದ 116ನೇ ವಿಧಿ, ರಾಜ್ಯಗಳಿಗೆ 206ನೇ ವಿಧಿ ಲೇಖಾನುದಾನದ, ಅಂದರೆ ಬಜೆಟ್‌ಗೆ ಪೂರ್ತಿ ಒಪ್ಪಿಗೆ ಸಿಗುವ ಮೊದಲೇ ಸ್ವಲ್ಪ ಕಾಲದ ಖರ್ಚಿಗೆ ಮುಂಗಡ ಮಂಜೂರಾತಿ ಪಡೆಯುವ, ದಾರಿಯನ್ನು ತೆರೆದಿಟ್ಟಿವೆ. ರಾಷ್ಟ್ರಪತಿ ಆಳ್ವಿಕೆಯಿರುವ ರಾಜ್ಯಕ್ಕೆ ಲೋಕಸಭೆಯ ಅಧಿವೇಶನ ಇಲ್ಲದಿದ್ದಾಗಲೂ ಖರ್ಚಿಗೆ ಮಂಜೂರಾತಿ ನೀಡಲು 357ನೇ ವಿಧಿಯಲ್ಲಿ ಅವಕಾಶವಿದೆ.

ಆದರೂ ನಮ್ಮಲ್ಲಿ ಆತಂಕದ ಗಳಿಗೆಗಳು ಬಂದೇ ಇಲ್ಲವೆಂದಲ್ಲ. 2019ರ ಜುಲೈ 23ರಂದು ಕರ್ನಾಟಕದ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ ಸೋತಾಗ ಹಣಕಾಸಿನ ವಿಧೇಯಕ ಬಾಕಿ ಉಳಿದಿತ್ತು. ಜುಲೈ 31ರೊಳಗೆ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಸಂಬಳಕ್ಕೂ ಹಣ ತೆಗೆಯಲಾಗದೆಂಬ ಮಾತು ಸದನದಲ್ಲೂ ಕಚೇರಿಗಳಲ್ಲೂ ಗಂಭೀರವಾಗಿಯೇ ನಡೆದಿತ್ತು. 26ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 29ರಂದು ವಿಶ್ವಾಸಮತ ಗಳಿಸಿ, ಅದೇ ದಿನ ಆ ವಿಧೇಯಕಕ್ಕೆ ಒಪ್ಪಿಗೆ ಪಡೆದರು. ಹೊಸ ಸರ್ಕಾರಕ್ಕೆ ಅಷ್ಟು ಅವಸರವಿದ್ದುದಕ್ಕೆ ಈ ಗಡುವೂ ಒಂದು ಕಾರಣ.

ಅಮೆರಿಕದಲ್ಲೂ ಇದು ಮೊದಲಿನಿಂದ ಹೀಗಿರಲಿಲ್ಲ. ಅನುದಾನವಿಲ್ಲದೆ ಖರ್ಚು ಮಾಡಬಾರದೆಂಬ ಅವರ ಕಾಯ್ದೆ 1884ರಷ್ಟು ಹಳೆಯದಾದರೂ, ಅನುದಾನ ತಡವಾದಾಗ ಕಚೇರಿಗಳು ಬಹುತೇಕ ಎಂದಿನಂತೆ ನಡೆಯುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಆ ಕಾಯ್ದೆಯನ್ನು ಅಕ್ಷರಶಃ ಪಾಲಿಸಬೇಕೆಂದು ಅಭಿಪ್ರಾಯ ನೀಡಿದ ಮೇಲೆ ಬಾಗಿಲು ಮುಚ್ಚುವ ಪರಿಪಾಠ ಬೆಳೆಯಿತು. ಒಂದು ಕಾನೂನು ಅಭಿಪ್ರಾಯದಿಂದ ಬಂದದ್ದನ್ನು ಇನ್ನೊಂದು ಕಾನೂನಿನಿಂದ ತಪ್ಪಿಸಬಹುದು. ಅವರು ಹಾಗೆ ಮಾಡದಿರುವುದು ರಾಜಕೀಯದ ಆಯ್ಕೆಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕರ್ನಾಟಕದ 2019ರ ಉದಾಹರಣೆಯನ್ನು ನಾಳೆಯೇ ತರಗತಿಯಲ್ಲಿ ಬಳಸುತ್ತೇನೆ. ಬಡವರ ಆಹಾರ ನೆರವು ನಿಂತಿತ್ತೆಂದು ಓದಿದ್ದೆ. ಪಿಂಚಣಿ ನಿಲ್ಲದೆ ಇದೊಂದೇ ನಿಂತದ್ದು ಹೇಗೆ?

ಉತ್ತರ 3 (ಉತ್ತರ ವರ್ಜೀನಿಯಾ)

ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ವರ್ಷ ವರ್ಷ ಅನುದಾನ ಬೇಕಿಲ್ಲ, ಶಾಶ್ವತ ಕಾನೂನಿನಡಿ ಹಣ ಹರಿಯುತ್ತದೆ. ಸ್ನ್ಯಾಪ್ ಎಂದು ಕರೆಯುವ ಆಹಾರ ನೆರವಿಗೆ ಕಾನೂನಿನ ಬಲವಿದ್ದರೂ ಹಣ ಮಾತ್ರ ಆಯಾ ವರ್ಷದ ಅನುದಾನದಿಂದಲೇ ಬರಬೇಕು. ಅದನ್ನು ಅವಲಂಬಿಸಿದವರು ಸುಮಾರು 4.2 ಕೋಟಿ ಜನ, ಎಂದರೆ ಎಂಟರಲ್ಲಿ ಒಬ್ಬರು. ಅಕ್ಟೋಬರ್ ಕಂತು ಬಂತು. ನವೆಂಬರ್ ಕಂತು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಮೀಸಲು ನಿಧಿಯನ್ನು ಬಳಸಬೇಕೆಂದು ರಾಜ್ಯಗಳೂ ನಗರಗಳೂ ಕೋರ್ಟಿಗೆ ಹೋದವು, ರೋಡ್ ಐಲೆಂಡ್ ಮತ್ತು ಮ್ಯಾಸಚೂಸೆಟ್ಸ್‌ನ ನ್ಯಾಯಾಧೀಶರು ಸರ್ಕಾರದ ವಿರುದ್ಧ ಆದೇಶ ನೀಡಿದರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ನಡುವೆ ಕೆಲವು ರಾಜ್ಯಗಳಲ್ಲಿ ಪೂರ್ತಿ ಹಣ ಬಂತು, ಕೆಲವೆಡೆ ಅರೆಬರೆ, ಕೆಲವೆಡೆ ಏನೂ ಇಲ್ಲ.

ನಾನು ವಾರಾಂತ್ಯದಲ್ಲಿ ಒಂದು ಆಹಾರ ವಿತರಣಾ ಕೇಂದ್ರದಲ್ಲಿ ಸ್ವಯಂಸೇವಕ. ಆ ದಿನಗಳಲ್ಲಿ ಅಲ್ಲಿನ ಸಾಲಿನಲ್ಲಿ, ಎಂದಿನಿಂದ ಬರುವ ಕುಟುಂಬಗಳ ಜೊತೆ, ಸರ್ಕಾರಿ ನೌಕರಿಯ ಗುರುತಿನ ಚೀಟಿ ಹಿಡಿದವರೂ ನಿಂತಿರುತ್ತಿದ್ದರು. ದಿನಸಿ ಮೊದಲೇ ಕಡಿಮೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರ ಪಾಲಿನಿಂದ ಹೋಗುತ್ತಿತ್ತು. ಬಡ ಮಕ್ಕಳ ಶಿಶುವಿಹಾರಗಳಾದ ಹೆಡ್ ಸ್ಟಾರ್ಟ್ ಕೇಂದ್ರಗಳಲ್ಲಿ ಕೆಲವು ಮುಚ್ಚಿದಾಗ ಮಗುವನ್ನು ನೋಡಿಕೊಳ್ಳಲು ತಾಯಿ ತನ್ನ ಕೆಲಸ ಬಿಡಬೇಕಾಯಿತು. ಇಂಥ ಕೂಲಿ ನಷ್ಟ ಶಟ್‌ಡೌನ್‌ನ ಹೆಸರಿನಲ್ಲಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಸಂಬಳವಿಲ್ಲದ ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ನವೆಂಬರ್ 7ರಿಂದ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟವನ್ನು ಕಡಿತಗೊಳಿಸಲಾಯಿತು. 2019ರ ಜನವರಿ 25ರಂದು ನ್ಯೂಯಾರ್ಕಿನ ಲಗಾರ್ಡಿಯಾಕ್ಕೆ ಬರುವ ವಿಮಾನಗಳನ್ನು ಕೆಲ ಹೊತ್ತು ತಡೆಹಿಡಿದ ದಿನವೇ ಆ ಶಟ್‌ಡೌನ್ ಮುಗಿದಿತ್ತು. ಬಡವರ ಊಟ ನಿಂತಾಗ ಕಾಣದ ತುರ್ತು ಪ್ರಯಾಣಿಕರ ವಿಮಾನ ನಿಂತಾಗ ಕಾಣಿಸಿಕೊಳ್ಳುವುದು ನನಗೆ ತುಂಬ ನೋವಿನ ಸಂಗತಿ.

ಉತ್ತರ 4 (ಡಲ್ಲಾಸ್)

ಬೆಂಗಳೂರಿನಿಂದ ಇಲ್ಲಿಗೆ ಬಂದಿರುವ ನಮ್ಮವರಿಗೆ ತಟ್ಟಿದ ಒಂದು ಸಂಗತಿಯನ್ನು ಸೇರಿಸುತ್ತೇನೆ. ವಲಸೆ ಇಲಾಖೆ ಅರ್ಜಿ ಶುಲ್ಕದಿಂದ ನಡೆಯುವುದರಿಂದ ಮುಚ್ಚಲಿಲ್ಲ. ಆದರೆ ಎಚ್-1ಬಿ ಎಂಬ ಉದ್ಯೋಗ ವೀಸಾದ ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಯ ಪ್ರಮಾಣೀಕರಣ ಬೇಕು, ಆ ವಿಭಾಗ ಅಕ್ಟೋಬರ್ 1ರಿಂದ ತಿಂಗಳ ಕೊನೆಯವರೆಗೂ ನಿಂತಿತ್ತು. 2018-19ರಲ್ಲಿ ಆ ಇಲಾಖೆಗೆ ಮೊದಲೇ ಅನುದಾನ ಸಿಕ್ಕಿದ್ದರಿಂದ ಈ ತೊಂದರೆ ಆಗಿರಲಿಲ್ಲ. ಕೆಲಸ ಕಳೆದುಕೊಂಡ ಎಚ್-1ಬಿ ನೌಕರನಿಗೆ ಹೊಸ ಕಂಪನಿಯ ಮೂಲಕ ಅರ್ಜಿ ಹಾಕಲು ಸಿಗುವುದು ಗರಿಷ್ಠ 60 ದಿನ. ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ಹೋದವರಿಗೆ ಅದರ ಅರ್ಧ ಸುಮ್ಮನೆ ಕಳೆಯಿತು. ಶಟ್‌ಡೌನ್‌ನಿಂದಾದ ವಿಳಂಬವನ್ನು ಅಸಾಧಾರಣ ಪರಿಸ್ಥಿತಿಯೆಂದು ಪರಿಗಣಿಸಬಹುದೆಂದು ವಲಸೆ ಇಲಾಖೆ ತಿಳಿಸಿತ್ತಾದರೂ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ.

ಮೇಡಂ, ನಿಮ್ಮ ವಿದ್ಯಾರ್ಥಿಗಳು ಅಂಕಿಅಂಶ ಹುಡುಕುವಾಗ ಒಂದು ಎಚ್ಚರಿಕೆ ವಹಿಸಬೇಕು. 2025ರ ಅಕ್ಟೋಬರ್ ತಿಂಗಳ ಅಮೆರಿಕದ ನಿರುದ್ಯೋಗ ದರ ಅವರಿಗೆ ಎಲ್ಲೂ ಸಿಗುವುದಿಲ್ಲ. ಆ ತಿಂಗಳ ಮನೆಮನೆ ಸಮೀಕ್ಷೆಯೇ ನಡೆಯಲಿಲ್ಲ. 1948ರಿಂದ ಬಂದ ಸರಣಿಯಲ್ಲಿ ತಪ್ಪಿದ ಮೊದಲ ತಿಂಗಳು ಅದು. ಶಟ್‌ಡೌನ್ ಎಷ್ಟು ಜನರ ಕೆಲಸ ಕಸಿಯಿತೆಂದು ಅಳೆಯಲು ಹೊರಟವರಿಗೆ ಬೇಕಾಗುವುದು ಆ ತಿಂಗಳ ಅಂಕಿಯೇ.