ಹೊಲದಲ್ಲಿ ಸಿಕ್ಕ ಬ್ರೋಚ್‌ಗೆ ಹುಣಸೆಹಣ್ಣು ಹಚ್ಚಬಹುದೇ? ಸಂರಕ್ಷಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ, ಇಂಗ್ಲೆಂಡಿನ ಕೆಂಟ್‌ನಿಂದ ಒಬ್ಬ ಸದಸ್ಯೆ: ನಮಸ್ಕಾರ ಮೇಡಂ. ನೀವು ಮ್ಯೂಸಿಯಂನಲ್ಲಿ ಹಳೇ ಲೋಹದ ವಸ್ತುಗಳ ಸಂರಕ್ಷಣೆ ಮಾಡ್ತೀರಿ ಅಂತ ಗೊತ್ತಾಗಿ ಕೇಳ್ತಿದ್ದೀನಿ. ಪಕ್ಕದ ಮನೆಯ ಅಜ್ಜ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೊಲ ಸುತ್ತೋರು, ರೈತರ ಒಪ್ಪಿಗೆ ಇದೆ. ಹೋದ ಶನಿವಾರ ನನ್ನ ಮಗನೂ ಜೊತೆಗೆ ಹೋಗಿದ್ದ. ಕಿರುಬೆರಳಿನಷ್ಟು ಉದ್ದದ, ಬಿಲ್ಲಿನ ಹಾಗೆ ಬಾಗಿರೋ ಹಸಿರು ವಸ್ತು ಸಿಕ್ಕಿದೆ. ಅಜ್ಜ "ಇದು ರೋಮನ್ ಕಾಲದ ಬ್ರೋಚ್, ಬಟ್ಟೆಗೆ ಸಿಕ್ಕಿಸ್ತಿದ್ದ ಪಿನ್ನು" ಅಂದು ಮಗನ ಕೈಗೆ ಕೊಟ್ಟಿದ್ದಾರೆ. ಮೈತುಂಬ ಕಿಲುಬು. ಊರಲ್ಲಿ ಹಿತ್ತಾಳೆ ಚೊಂಬಿಗೆ ಮಾಡೋ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹೊಳೆಯುತ್ತಾ? ಫೋಟೋ ಹಾಕಿದ್ದೀನಿ.

ಉತ್ತರ: ದಯವಿಟ್ಟು ತಿಕ್ಕಬೇಡಿ. ಇದನ್ನು ಓದಿದ ಕೂಡಲೇ ಮನೆಯವರಿಗೆಲ್ಲ ಹೇಳಿಬಿಡಿ, ಯಾರೂ ನೀರು ಕೂಡ ಮುಟ್ಟಿಸಬಾರದು.

ಅಡುಗೆಮನೆಯ ಚೊಂಬಿನ ಮೇಲಿನ ಕಿಲುಬು ನಿನ್ನೆ ಮೊನ್ನೆಯದು. ನಿಮ್ಮ ಬ್ರೋಚಿನ ಕಿಲುಬು ನೂರಾರು ವರ್ಷ ಮಣ್ಣಲ್ಲಿದ್ದು ಕಟ್ಟಿಕೊಂಡದ್ದು. ಬ್ರೋಚಿನ ಮೂಲ ಮೈ, ಅದರ ಮೇಲೆ ಕೆತ್ತಿದ ಗೆರೆ, ಚುಕ್ಕಿ ಎಲ್ಲ ಈಗ ಉಳಿದಿರುವುದು ಆ ಹಸಿರು ಪದರದಲ್ಲೇ. ಅದನ್ನು ತೆಗೆದರೆ ಕೆಳಗೆ ಸಿಗುವುದು ತಿಂದುಹೋದ ಲೋಹ. ಹುಣಸೆಯ ಹುಳಿ ಪದರವನ್ನು ಕರಗಿಸುತ್ತದೆ, ಉಪ್ಪು ಅದಕ್ಕಿಂತ ಕೇಡು. ಉಪ್ಪಿನ ಕ್ಲೋರೈಡ್ ತಾಮ್ರಕ್ಕೆ ಸೇರಿಕೊಂಡರೆ ಗಾಳಿಯ ತೇವ ತಾಗಿದಾಗಲೆಲ್ಲ ಲೋಹ ಒಳಗಿಂದ ಪುಡಿಯಾಗುತ್ತ ಹೋಗುತ್ತದೆ. ನಾವು ಅದಕ್ಕೆ ಕಂಚಿನ ರೋಗ ಅನ್ನುತ್ತೇವೆ. ಗಟ್ಟಿಯಾದ ಕಡು ಹಸಿರು ಇದ್ದರೆ ಭಯವಿಲ್ಲ. ತಿಳಿ ಹಸಿರು ಬಣ್ಣದ, ಮುಟ್ಟಿದರೆ ಉದುರುವ ಪುಡಿ ಕಂಡರೆ ತಡ ಮಾಡದೆ ಸಂರಕ್ಷಕರಿಗೆ ತೋರಿಸಿ.

ಈಗ ಮಾಡಬೇಕಾದ್ದು ಇಷ್ಟೇ. ಮಣ್ಣು ಅಂಟಿದ್ದರೆ ಹಾಗೇ ಇರಲಿ. ಗಾಳಿಯಾಡುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ಅಂಥ ಒಂದೆರಡನ್ನು ಜೊತೆಗೆ ಹಾಕಿ. ಹತ್ತಿ ಸುತ್ತಬೇಡಿ, ಎಳೆಗಳು ಸಿಕ್ಕಿಕೊಳ್ಳುತ್ತವೆ.

ಮಣ್ಣು ಹಾಗೇ ಇರಲಿ, ಹತ್ತಿ ಬೇಡ ಅನ್ನುವುದಕ್ಕೆ ನನ್ನದೇ ಒಂದು ಕಾರಣವಿದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬ್ರೋಚಿನ ಬೆನ್ನಿಗೆ ಅಂಟಿದ್ದ ಕಂದು ಹೆಪ್ಪನ್ನು ಮಣ್ಣೆಂದು ತಿಳಿದು ಮೃದು ಬ್ರಷ್‌ನಿಂದ ಕೆಡವಿಬಿಟ್ಟೆ. ಬಿದ್ದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಹಾಸು ಹೊಕ್ಕು ಎರಡೂ ಕಂಡವು. ಒಂದೊಂದು ನೂಲನ್ನೂ ಯಾವ ಕಡೆಗೆ ತಿರುವಿ ಹೊಸೆದಿದ್ದರು ಅನ್ನುವುದು ಕೂಡ. ಪಿನ್ನು ಚುಚ್ಚಿದ್ದ ಬಟ್ಟೆ ಅದು. ಬಟ್ಟೆ ಮಣ್ಣಲ್ಲಿ ಕೊಳೆತುಹೋಗುತ್ತದೆ, ಆದರೆ ಲೋಹಕ್ಕೆ ತಾಗಿಕೊಂಡಿದ್ದ ಎಳೆಗಳೊಳಗೆ ತುಕ್ಕಿನ ಖನಿಜ ಇಳಿದು ಅವುಗಳ ಆಕಾರವನ್ನು ಉಳಿಸುತ್ತದೆ. ಸಾವಿರಾರು ವರ್ಷ ಉಳಿದಿದ್ದ ಬಟ್ಟೆಯ ತುಂಡು ನನ್ನ ಕೈಯಲ್ಲಿ ಒಂದು ನಿಮಿಷದಲ್ಲಿ ಬಿಡಿಯಾಯಿತು. ಅಂದಿನಿಂದ ಯಾವ ಬ್ರೋಚ್ ಬಂದರೂ ಮೊದಲು ಅದರ ಬೆನ್ನು ನೋಡುತ್ತೇನೆ, ಮುಖ ಆಮೇಲೆ.

ಅದೇ ಸದಸ್ಯೆ: ಅಯ್ಯೋ, ಒಳ್ಳೇ ಸಮಯಕ್ಕೆ ಕೇಳಿದೆ! ಡಬ್ಬಿಗೆ ಹಾಕಿಟ್ಟೆ. ನಿಜವಾಗ್ಲೂ ರೋಮನ್ ಕಾಲದ್ದಾ?

ಉತ್ತರ: ಫೋಟೋ ನೋಡಿ ಹೇಳುವುದಾದರೆ ಅಜ್ಜ ಸರಿಯಾಗೇ ಹೇಳಿದ್ದಾರೆ. ತಲೆಯ ಕಡೆ ತಂತಿ ಸುರುಳಿ ಸುತ್ತಿದೆ ನೋಡಿ. ಬಿಲ್ಲು, ಸುರುಳಿ, ಪಿನ್ನು ಮೂರೂ ಒಂದೇ ಲೋಹದ ತುಂಡಿನಿಂದ ಬಡಿದು ಎಳೆದು ಮಾಡಿದಂತಿವೆ. ಮುಂದೆ ಚಿಕ್ಕ ಕೊಕ್ಕೆಯೊಂದು ಸುರುಳಿಯ ತಂತಿಯನ್ನು ಹಿಡಿದುಕೊಂಡಿದೆ. ಈ ಮಾದರಿಗೆ ಕಾಲ್ಚೆಸ್ಟರ್ ಅಂತ ಹೆಸರು, ಕ್ರಿ.ಶ. 1ನೇ ಶತಮಾನದ್ದು. ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯ ಬ್ರಿಟನ್‌ಗೆ ಇಳಿದಾಗ ಬಂದ ಇನ್ನೊಂದು ಮಾದರಿಯಲ್ಲಿ ಸುರುಳಿಯ ಬದಲು ಕೀಲು ಇರುತ್ತದೆ. ಅಂಥ ಕೆಲವುಗಳ ತಲೆಯ ಮೇಲೆ 'ಔಕಿಸ್ಸಾ' ಎಂದು ಮಾಡಿದವನ ಹೆಸರಿನ ಅಚ್ಚು ಸಿಗುತ್ತದೆ.

ಇದರ ಕೆಲಸ ನಮಗೆಲ್ಲ ಗೊತ್ತಿರುವುದೇ. ನಮ್ಮ ಅಮ್ಮಂದಿರು ಬಳೆಗೆ ಸಿಕ್ಕಿಸಿಕೊಂಡಿರುತ್ತಿದ್ದ ಸೇಫ್ಟಿ ಪಿನ್ ನೆನಪಿದೆಯಾ? ಸುರುಳಿ ಪಿನ್ನನ್ನು ಹೊರಕ್ಕೆ ಒತ್ತುತ್ತದೆ, ಇನ್ನೊಂದು ತುದಿಯಲ್ಲಿ ತೊಟ್ಟಿಲಿನಂಥ ಮಡಿಕೆ ಅದನ್ನು ಹಿಡಿದಿಡುತ್ತದೆ. ನ್ಯೂಯಾರ್ಕ್‌ನ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್‌ಗೆ ಪೇಟೆಂಟ್ ಪಡೆದ. ಆದರೆ ಗ್ರೀಸ್ ಮತ್ತು ಉತ್ತರ ಇಟಲಿಯ ಕಂಚಿನ ಕೆಲಸದವರು ಅದಕ್ಕೂ ಸುಮಾರು 3000 ವರ್ಷ ಮೊದಲೇ ಇದೇ ಉಪಾಯ ಕಂಡುಕೊಂಡಿದ್ದರು. ಆ ಮೊದಮೊದಲಿನವು ಪಿಟೀಲಿನ ಕಮಾನಿನಂತೆ ನೀಳವಾಗಿರುತ್ತವೆ.

ಪ್ರಶ್ನೆ, ಮೈಸೂರಿನಿಂದ ಒಬ್ಬ ಸದಸ್ಯರು: ಮೇಡಂ, ಸಮಾಧಿಗಳಲ್ಲಿ ಬ್ರೋಚ್‌ಗಳು ಜೋಡಿಯಾಗಿ ಸಿಗುತ್ತವಂತೆ. ಒಂದೇ ಥರದ ಎರಡು ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ನಾನು ಎಲ್ಲರಿಗೂ ಹೇಳಬೇಕೆಂದಿರುವುದೂ ಇದನ್ನೇ: ಬ್ರೋಚ್ ಏನು ಅನ್ನುವಷ್ಟೇ ಮುಖ್ಯ, ಅದು ಮೈಮೇಲೆ ಎಲ್ಲಿತ್ತು ಅನ್ನುವುದು.

ರೋಮನ್ನರ ನಂತರ ಇಂಗ್ಲೆಂಡಿನಲ್ಲಿ ನೆಲೆಸಿದ ಆಂಗ್ಲೋ ಸ್ಯಾಕ್ಸನ್ ಜನರಲ್ಲಿ, 5-6ನೇ ಶತಮಾನದ ಹೆಂಗಸರ ಅಸ್ಥಿಪಂಜರಗಳಲ್ಲಿ ಎರಡು ಭುಜಗಳ ಹತ್ತಿರ ಒಂದೊಂದು ಬ್ರೋಚ್ ಸಿಗುತ್ತದೆ. ಉಡುಪು ಕೊಳವೆಯ ಹಾಗಿತ್ತು, ಹೊಲಿದ ತೋಳು ಇರಲಿಲ್ಲ. ಮುಂಭಾಗ ಹಿಂಭಾಗ ಎರಡನ್ನೂ ಭುಜದ ಮೇಲೆ ಕೂಡಿಸಿ ಪಿನ್ನು ಹಾಕುತ್ತಿದ್ದರು. ಮೂರನೆಯದು ಎದೆಯ ನಡುವೆ ಸಿಕ್ಕರೆ ಮೇಲೆ ಹೊದ್ದ ಶಾಲಿನದ್ದು. ವೈಕಿಂಗ್ ಹೆಂಗಸರು ಆಮೆಯ ಚಿಪ್ಪಿನಂತೆ ಉಬ್ಬಿದ ಅಂಡಾಕಾರದ ಜೋಡಿ ಧರಿಸಿ, ಎರಡರ ನಡುವೆ ಮಣಿಸರ ಇಳಿಬಿಡುತ್ತಿದ್ದರು. ಸ್ವೀಡನ್ನಿನ ಬಿರ್ಕಾ ಎಂಬ ವೈಕಿಂಗ್ ಪಟ್ಟಣದ ಜಾಗದಲ್ಲಿ 19ನೇ ಶತಮಾನದಲ್ಲಿ ಯಾಲ್ಮರ್ ಸ್ಟೋಲ್ಪೆ ಎಂಬವರು ಸುಮಾರು 1100 ಸಮಾಧಿಗಳನ್ನು ಅಗೆದಾಗ ಅಂಥ ಬ್ರೋಚ್‌ಗಳ ಟೊಳ್ಳಿನೊಳಗೆ ಉಡುಪಿನ ಪಟ್ಟಿಗಳು ಉಳಿದಿದ್ದವು. ಆಗ್ನೆಸ್ ಗೈಯರ್ ಎಂಬ ವಿದುಷಿ ಆ ಚಿಂದಿಗಳನ್ನೇ ಎಳೆ ಎಳೆಯಾಗಿ ಅಧ್ಯಯನ ಮಾಡಿ 1938ರಲ್ಲಿ ಪ್ರಕಟಿಸಿದರು. ಬ್ರೋಚ್‌ಗಳನ್ನು ಚೆನ್ನಾಗಿ ತೊಳೆದು ಕಪಾಟಿನಲ್ಲಿಟ್ಟಿದ್ದರೆ ಆ ಅಧ್ಯಯನವೇ ಇರುತ್ತಿರಲಿಲ್ಲ.

ಗಂಡಸರದು ಸಾಮಾನ್ಯವಾಗಿ ಒಂದೇ, ಬಲ ಭುಜದ ಮೇಲೆ. ಮೇಲಂಗಿಯನ್ನು ಅಲ್ಲಿ ಸಿಕ್ಕಿಸಿದರೆ ಬಲಗೈ ಬಿಡುವಾಗಿರುತ್ತದೆ. ಇಟಲಿಯ ರವೆನ್ನಾದ ಸಾನ್ ವಿಟಾಲೆ ಚರ್ಚಿನಲ್ಲಿ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ 6ನೇ ಶತಮಾನದ ಮೊಸಾಯಿಕ್ ಚಿತ್ರದಲ್ಲಿ ಚಕ್ರವರ್ತಿ ಜಸ್ಟಿನಿಯನ್‌ನ ಪಕ್ಕದಲ್ಲಿ ನಿಂತ ಅಧಿಕಾರಿಗಳ ಬಲ ಭುಜ ನೋಡಿ. ಅಡ್ಡಬಿಲ್ಲಿನಾಕಾರದ ಬ್ರೋಚ್ ಇದೆ, ಅದು ಹುದ್ದೆಯ ಗುರುತು. ಚಕ್ರವರ್ತಿಯದು ಬೇರೆಯೇ, ದುಂಡಗೆ, ಇಳಿಬಿದ್ದ ಸರಗಳಿರುವುದು.

ಪ್ರಶ್ನೆ, ಬೆಂಗಳೂರಿನಿಂದ ಒಬ್ಬ ಸದಸ್ಯೆ: ಅಕ್ಕ, ಆನ್‌ಲೈನ್‌ನಲ್ಲಿ "ಪ್ರಾಚೀನ ಬ್ರೋಚ್" ಅಂತ ಎಷ್ಟೋ ಮಾರ್ತಾರೆ. ಅಸಲಿ ನಕಲಿ ಹೇಗೆ ತಿಳಿಯೋದು?

ಉತ್ತರ: ಕೊಳ್ಳಬೇಡಮ್ಮ ಅನ್ನುವುದೇ ನನ್ನ ಮೊದಲ ಮಾತು. ಎಲ್ಲಿ ಸಿಕ್ಕಿತು ಅಂತ ಹೇಳಲಾಗದ ವಸ್ತು ಅಸಲಿಯಾದರೂ ಅರ್ಧ ಮೂಕ. ಯಾವುದೋ ಸಮಾಧಿಯನ್ನು ರಾತ್ರೋರಾತ್ರಿ ಕೆದಕಿ ತಂದದ್ದೂ ಇರಬಹುದು.

ಗುರುತಿಸುವುದು ತಜ್ಞರಿಗೂ ಕಷ್ಟ. ಬ್ರಿಟಿಷ್ ಮ್ಯೂಸಿಯಂನಲ್ಲಿ ಫುಲ್ಲರ್ ಬ್ರೋಚ್ ಇದೆ. 9ನೇ ಶತಮಾನದ ಕೊನೆಯದು, ಕಾಫಿ ಸಾಸರಿಗಿಂತ ತುಸು ಕಿರಿದು, ಸುಮಾರು 11.4 ಸೆಂಟಿಮೀಟರ್ ಅಗಲದ ಬೆಳ್ಳಿಯ ಬಿಲ್ಲೆ. ಅದರಲ್ಲಿರುವುದು ನಮ್ಮ ಪಂಚೇಂದ್ರಿಯಗಳು! ನಡುವೆ ಕಣ್ಣರಳಿಸಿಕೊಂಡ ದೃಷ್ಟಿ. ಸುತ್ತ ನಾಲ್ವರು: ಬಾಯಿಗೆ ಕೈ ಹಾಕಿದ ರುಚಿ, ಕಿವಿಗೆ ಕೈ ಆನಿಸಿದ ಶ್ರವಣ, ಕೈಗೆ ಕೈ ಉಜ್ಜುವ ಸ್ಪರ್ಶ, ಎತ್ತರದ ಗಿಡಗಳ ನಡುವೆ ಕೈಗಳನ್ನು ಹಿಂದೆ ಕಟ್ಟಿ ನಿಂತ ಘ್ರಾಣ. ಕೈ ಬಳಸದೆ ಮೂಗಿನಿಂದಷ್ಟೇ ಅರಿಯುತ್ತಿದ್ದಾನೆ ಅನ್ನುವುದನ್ನು ಆ ಅಕ್ಕಸಾಲಿಗ ಎಷ್ಟು ಚಂದ ತೋರಿಸಿದ್ದಾನೆ!

ಅದರ ಸ್ಥಿತಿ ಎಷ್ಟು ಚೆನ್ನಾಗಿತ್ತೆಂದರೆ ನಕಲಿ ಅಂದುಬಿಟ್ಟರು. ಕ್ಯಾಪ್ಟನ್ ಫುಲ್ಲರ್ ಅನ್ನುವವರು ಅದನ್ನು ಬರೀ ಬೆಳ್ಳಿಯ ಬೆಲೆಗೆ ಕೊಂಡರು. ಕೊನೆಗೆ ಉಳಿಸಿದ್ದು ಕಪ್ಪು ಬಣ್ಣ. ನಮ್ಮ ಬಿದರಿ ಕೆಲಸದಲ್ಲಿ ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುತ್ತಾರಲ್ಲ, ಇಲ್ಲಿ ಅದು ತಿರುವುಮುರುವು: ಬೆಳ್ಳಿಯಲ್ಲಿ ಕೊರೆದು ನಯೆಲ್ಲೋ ಎಂಬ ಕಪ್ಪು ತುಂಬುತ್ತಾರೆ. ಹಳೆಯ ಕಾಲದ ನಯೆಲ್ಲೋ ಶುದ್ಧ ಬೆಳ್ಳಿಯ ಸಲ್ಫೈಡ್, ಆಮೇಲಿನದರಲ್ಲಿ ತಾಮ್ರ, ಸೀಸ ಬೆರೆಸುತ್ತಿದ್ದರು. 1949ರ ಪರೀಕ್ಷೆಯಲ್ಲಿ ಇದು ಹಳೆಯ ಬಗೆಯದೇ ಎಂದು ಗೊತ್ತಾಯಿತು. ಫುಲ್ಲರ್ 1952ರಲ್ಲಿ ಅದನ್ನು ಮ್ಯೂಸಿಯಂಗೆ ದಾನ ಕೊಟ್ಟರು.

ಇಟಲಿಯ ಪ್ರೆನೆಸ್ತೆ ಬ್ರೋಚ್‌ಗೂ ಇದೇ ಗತಿಯಾಗಿತ್ತು. ಕ್ರಿ.ಪೂ. 7ನೇ ಶತಮಾನದ ಚಿನ್ನದ್ದು, "ಮಾನಿಯೋಸ್ ನನ್ನನ್ನು ನುಮಾಸಿಯೋಸ್‌ಗಾಗಿ ಮಾಡಿದ" ಎಂಬ ಬಹು ಹಳೆಯ ಲ್ಯಾಟಿನ್ ಬರಹ ಅದರ ಮೇಲಿದೆ. 1887ರಲ್ಲಿ ವಿದ್ವಾಂಸರ ಮುಂದೆ ಬಂತು. 1980ರಲ್ಲಿ ನಕಲಿ ಎಂಬ ಆರೋಪ ಬಂತು. 2011ರಲ್ಲಿ ಚಿನ್ನದ ಮೇಲ್ಮೈಯನ್ನು ಪರೀಕ್ಷಿಸಿ ಅಸಲಿ ಎಂದು ತೀರ್ಮಾನಿಸಿದರು.

ಪ್ರಶ್ನೆ, ಹುಬ್ಬಳ್ಳಿಯಿಂದ ಒಬ್ಬ ಸದಸ್ಯರು: ಮೇಡಂ ಅವರ, ನಮ್ಮ ಕಡೆ ಇಂಥವು ಯಾಕ ಸಿಗಂಗಿಲ್ಲ? ನಮಗೂ ಇವಕ್ಕೂ ಏನರ ಸಂಬಂಧ ಐತೇನು?

ಉತ್ತರ: ನಮ್ಮಲ್ಲಿ ಕಚ್ಚೆ ಹಾಕಿ, ನೆರಿಗೆ ಸಿಕ್ಕಿಸಿ, ಸೆರಗು ಹೊದ್ದು, ಗಂಟು ಕಟ್ಟಿದರೆ ತೆಳು ಬಟ್ಟೆ ನಿಲ್ಲುತ್ತದೆ. ಚಳಿ ದೇಶದ ದಪ್ಪ ಉಣ್ಣೆಗೆ ಗಂಟು ಹಾಕುವುದು ಕಷ್ಟ, ಪಿನ್ನು ಬೇಕೇ ಬೇಕು.

ಆದರೆ ಸಂಬಂಧ ಉಂಟು ಸರ್, ಅದೂ ಕೆಂಪಗೆ ಹೊಳೆಯುವಂಥದ್ದು. ನಮ್ಮ ಸದಸ್ಯೆ ಇರುವ ಕೆಂಟ್‌ನಲ್ಲೇ 1771ರಲ್ಲಿ ಬ್ರಯನ್ ಫಾಸೆಟ್ ಎಂಬ ಪಾದ್ರಿ ಕಿಂಗ್‌ಸ್ಟನ್ ಡೌನ್‌ನ ಸಮಾಧಿಯೊಂದರಿಂದ ಚಿನ್ನದ ದುಂಡು ಬ್ರೋಚ್ ತೆಗೆದರು. ಈಗ ಲಿವರ್‌ಪೂಲ್‌ನಲ್ಲಿದೆ. ಜೇನುಗೂಡಿನಂಥ ಚಿನ್ನದ ಕೋಶಗಳಲ್ಲಿ ಗಾರ್ನೆಟ್ ಎಂಬ ಕೆಂಪು ಕಲ್ಲಿನ ತೆಳು ಹಲ್ಲೆಗಳನ್ನು ಕೂರಿಸಿದ್ದಾರೆ. ನಮ್ಮ ಗೋಮೇಧಿಕವೂ ಇದೇ ಕುಲದ ಕಲ್ಲು. ಇಂಥ ಕೆಲಸದಲ್ಲಿ ಒಂದೊಂದು ಹಲ್ಲೆಯ ಕೆಳಗೂ ಗೀರುಗೀರು ಒತ್ತಿದ ಚಿನ್ನದ ರೇಕು ಇಡುತ್ತಾರೆ. ಬೆಳಕು ಕಲ್ಲನ್ನು ಹಾದು ರೇಕಿಗೆ ಬಡಿದು ತಿರುಗಿ ಬರುತ್ತದೆ, ಅದಕ್ಕೇ ಒಳಗೆ ಕೆಂಡ ಇಟ್ಟ ಹಾಗೆ ಕಾಣುವುದು.

ಆ ಕಾಲದ ಯುರೋಪಿನ ಗಾರ್ನೆಟ್ ಎಲ್ಲಿಂದ ಬಂತು? ಪ್ಯಾರಿಸ್ ಬಳಿಯ ಸಾಂ ದೆನಿಯ ರಾಜಮನೆತನದ ಸಮಾಧಿಗಳಲ್ಲಿ ಸಿಕ್ಕ ಒಡವೆಗಳ ಕಲ್ಲುಗಳನ್ನು ಲೂವ್ರ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಪ್ರೋಟಾನ್ ಕಿರಣ ಹಾಯಿಸಿ ಪರೀಕ್ಷಿಸಿದರು. ಮೊದಮೊದಲಿನ ಕಲ್ಲುಗಳು ಭಾರತ, ಶ್ರೀಲಂಕಾ ಕಡೆಯವು ಎಂದು ಕಂಡಿತು. 7ನೇ ಶತಮಾನದ ಹೊತ್ತಿಗೆ ಆ ದಾರಿ ಬತ್ತಿ ಯುರೋಪಿನದೇ ಆದ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಸಣ್ಣ ಕಲ್ಲುಗಳು ಬಂದವು. ನಮ್ಮ ನೆಲದ ಕಲ್ಲು ಕಡಲು ದಾಟಿ ಯಾವುದೋ ರಾಣಿಯ ಭುಜದ ಮೇಲೆ ಕೂತಿತ್ತು ಅನ್ನುವುದು ನೆನಪಾದಾಗ ಈಗಲೂ ನನ್ನ ಮೈ ಝುಂ ಅನ್ನುತ್ತದೆ.

ಇನ್ನು ನಮ್ಮೂರಲ್ಲಿ ಪಾಯ ತೋಡುವಾಗ ಹಳೇ ಒಡವೆ ಸಿಕ್ಕರೆ ಅಕ್ಕಸಾಲಿಗರ ಹತ್ತಿರ ಒಯ್ಯಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಅಲ್ಲಿಯವರೆಗೆ ಇದ್ದ ಜಾಗ ಕೆದಕದೆ ಇದ್ದರೆ ಅದೇ ದೊಡ್ಡ ಉಪಕಾರ.

ಕೆಂಟ್‌ನ ಸದಸ್ಯೆ: ಮೇಡಂ, ಇದನ್ನ ಯಾರಿಗಾದ್ರೂ ತಿಳಿಸಬೇಕಾ? ಇನ್ನೊಂದು, ಪಿನ್ನಿನ ತುದಿ ಮುರಿದಿದೆ. ಮಗ ಭಾನುವಾರ ಹೋಗಿ ಅದೇ ಗುಂಡಿ ಆಳಕ್ಕೆ ಅಗೆದು ಹುಡುಕ್ತೀನಿ ಅಂತ ಕೂತಿದ್ದಾನೆ.

ಉತ್ತರ: ನಿಮ್ಮ ಕೌಂಟಿಯಲ್ಲಿ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲು ಮಾಡುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯ ಅಧಿಕಾರಿ ಇರುತ್ತಾರೆ, ಅವರಿಗೆ ತೋರಿಸಿ. ಒಂಟಿ ಕಂಚಿನ ಬ್ರೋಚ್ ಸಾಮಾನ್ಯವಾಗಿ ನಿಮ್ಮಲ್ಲಿನ 1996ರ ನಿಧಿ ಕಾಯ್ದೆಗೆ ಬರುವುದಿಲ್ಲ. ಚಿನ್ನ ಬೆಳ್ಳಿಯದಾಗಿದ್ದರೆ 14 ದಿನದೊಳಗೆ ತಿಳಿಸಲೇಬೇಕಿತ್ತು. ಆದರೂ ದಾಖಲು ಮಾಡಿಸಿ, ಅವರು ಅಳೆದು ಫೋಟೋ ತೆಗೆದು ವಾಪಸ್ ಕೊಡುತ್ತಾರೆ. ರೈತರಿಗೂ ಹೇಳಿ, ಅವರ ನೆಲದ ವಸ್ತು ಅದು. ಸಿಕ್ಕ ಜಾಗವನ್ನು ಅಜ್ಜನ ಜೊತೆ ಹೋಗಿ ಮೊಬೈಲ್‌ನಲ್ಲಿ ಗುರುತು ಮಾಡಿಕೊಳ್ಳಿ.

ಮಗನಿಗೆ ಹೇಳಿ, ನೇಗಿಲು ತಾಗುವ ಮೇಲ್ಮಣ್ಣಿಗಿಂತ ಕೆಳಗೆ ಒಂದು ಇಂಚೂ ಅಗೆಯುವುದು ಬೇಡ. ಕೆಳಗೆ ಸಮಾಧಿಯೋ ಮನೆಯ ನೆಲವೋ ಇದ್ದರೆ ಸಲಿಕೆಯ ಒಂದು ಏಟಿಗೆ ಕಲಸಿಹೋಗುತ್ತದೆ. ಮೇಲ್ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ನೋಡಲಿ. ತುದಿ ಸಿಕ್ಕರೆ ಬ್ರೋಚಿಗೆ ಜೋಡಿಸಲು ಹೋಗದೆ ಬೇರೆ ಚೀಲದಲ್ಲಿಟ್ಟು, ಚೀಲದ ಮೇಲೆ ತಾರೀಖು ಬರೆಯಲಿ. ಮೂಳೆ ಕಂಡರೆ ಕೈ ಹಿಂದಕ್ಕೆ ತೆಗೆದು, ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿ.